ನಾಲ್ಕು ಬೆರಳು ಬಿಟ್ಟು

ಬೈಕುಲ್ಲಾದ ಚಾಳಿನಲ್ಲಿ ನಮ್ಮದು ಒಂದೇ ಖೋಲಿ. ಅದರಲ್ಲಿ ಅತ್ತೆ, ಭಾವ, ನೆಗೆಣ್ಣಿ, ಅವರ ಮೂವರು ಮಕ್ಕಳು, ಜೊತೆಗೆ ಹೊಸದಾಗಿ ಮದುವೆಯಾದ ನಾವಿಬ್ಬರು. ಹೆಂಗಸರು, ಮಕ್ಕಳು ಒಳಗೆ ಮಲಗಬೇಕು, ಗಂಡಸರು ಹೊರಗೆ ಗ್ಯಾಲರಿಯಲ್ಲಿ. ಧಾರವಾಡದಿಂದ ಹೊರಡುವಾಗ ಗೆಳತಿಯರು ಏನೇನೋ ಹೇಳಿ ಕಾಡಿಸಿದ್ದರು. ಅವರ ಬಾಯಿಗಿಷ್ಟು ಮಣ್ಣು ಹಾಕ, ಗಂಡನ ಕೈ ಹಿಡಿಯುವುದು ಹಾಗಿರಲಿ, ಮುಖ ನೋಡಿ ಮಾತಾಡಲಿಕ್ಕೂ ನನಗೆ ಜಾಗವಿರಲಿಲ್ಲ. ಹಿರಿಯರ ಎದುರು ಗಂಡ ಹೆಂಡತಿ ನೇರ ಮಾತಾಡುವುದು ನಮ್ಮ ಮನೆಯಲ್ಲಿ ಪದ್ಧತಿಯಲ್ಲ.

ಹಾಗಾಗಿ ನನ್ನವರು ಭಾವನ ಕಿರಿಯ ಮಗಳು ಪುಟ್ಟಿಯೊಂದಿಗೆ ಮಾತಾಡುತ್ತಿದ್ದರು. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ತಾವು ಕೆಲಸ ಮಾಡುವ ಗ್ಯಾರೇಜಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದರು. ಆ ಕೂಸಿಗೆ ಏನು ತಿಳಿಯಬೇಕು? ಅದೆಲ್ಲ ನನ್ನ ಕಿವಿಗೆ ಬೀಳಲೆಂದು. ಬೇರೆ ಹುಡುಗಿಯರು ಗಂಡನಿಂದ ಏನು ಕೇಳಿರುತ್ತಾರೋ ನನಗೆ ಗೊತ್ತಿಲ್ಲ, ನಾನು ಬರೇ ಗೇರು, ಬೇರಿಂಗು, ಗ್ರೀಸು ಕೇಳಿದೆ. ಕೇಳಿ ಕೇಳಿ ಅವರ ಧ್ವನಿಯ ಮೇಲೆ ಜೀವ ಇಟ್ಟುಕೊಂಡೆ.

ಆ ವರ್ಷ ಬೇಸಿಗೆಯಲ್ಲಿ ಗ್ಯಾರೇಜಿಗೆ ಒಬ್ಬ ಸೇಠನ ಕಾರು ಬಂತು. ಗೇರು ತಾನಾಗಿಯೇ ಬದಲಾಗುವ ದೊಡ್ಡ ಅಮೆರಿಕನ್ ಗಾಡಿ. ಅದರ ಗೇರಿನ ಎಣ್ಣೆ ಎರಡು ಸಣ್ಣ ಪೈಪುಗಳಲ್ಲಿ ಮುಂದಿನ ರೇಡಿಯೇಟರಿಗೆ ಹೋಗಿ, ತಂಪಾಗಿ, ಹಿಂದಕ್ಕೆ ಬರಬೇಕು. ಆದರೆ ಯಾರೋ ಎಂಜಿನ್ನಿನ ಹೊಗೆ ಹೋಗಲು ಹೊಸ ಪೈಪು ಮಾಡಿಸಿ ಕೂಡಿಸಿದ್ದರು, ಅದು ಎಣ್ಣೆಯ ಪೈಪಿಗೆ ಒತ್ತಿಕೊಂಡೇ ಇತ್ತು. ಕೆಂಡದ ಮಗ್ಗುಲಿಗೆ ಎಣ್ಣೆ ತಂಪಾಗುವುದೆಲ್ಲಿ ಬಂತು? ಸ್ವಲ್ಪ ದೂರ ಹೋದರೆ ಸಾಕು, ಸುಟ್ಟ ವಾಸನೆ ಬಂದು ಗಾಡಿ ಎಳೆಯುವುದನ್ನೇ ಬಿಡುತ್ತಿತ್ತು.

ಒಂದು ಸಂಜೆ ಅವರು ತಂತಿಯ ತುಂಡು ತಂದು ಉರಿಯುವ ಸ್ಟೋವಿನ ಮುಂದೆ ಕೂತರು. "ನೋಡ ಪುಟ್ಟಿ, ಈ ಸ್ಟೋವ್ ಅಂದ್ರ ಹೊಗಿ ಪೈಪ್. ಎಣ್ಣಿ ಪೈಪ್ ಇದರ ಹಂತ್ಯಾಕನ ಹಾದು ಹೋಗಬೇಕು, ಮುಟ್ಟಬಾರದು. ನಾಕ ಬೆರಳ ಬಿಡಬೇಕು." ಹೀಗೆನ್ನುತ್ತ ತಂತಿಯನ್ನು ಬಗ್ಗಿಸಿದರು. ಮೊದಲು ತಂತಿಯಲ್ಲಿ ದಾರಿ ನೋಡಿಕೊಂಡು, ಆಮೇಲೆ ಪೈಪಿನಲ್ಲಿ ಮರಳು ತುಂಬಿ ಅದರಂತೆಯೇ ಬಗ್ಗಿಸುವುದಂತೆ. ನಾನು ಸ್ಟೋವಿನ ಆಚೆ ರೊಟ್ಟಿ ಬಡಿಯುತ್ತಿದ್ದೆ. ತಂತಿ ಸ್ಟೋವನ್ನು ಬಳಸಿ ಬಂದು ನನ್ನ ಬಳೆಯ ಹತ್ತಿರ ನಿಂತಿತು. ನಾನು ಕೈ ಹಿಂದಕ್ಕೆ ತೆಗೆಯಲಿಲ್ಲ, ಅವರೂ ತೆಗೆಯಲಿಲ್ಲ. ರೊಟ್ಟಿ ಹೊತ್ತಿತು, ಅತ್ತೆಯಿಂದ ಬೈಸಿಕೊಂಡೆ.

ಗಾಡಿಯ ಕೆಲಸ ಮುಗಿದ ಮೇಲೆ ಮತ್ತೆ ಪುಟ್ಟಿಗೆ ಹೇಳಿದರು, "ಐತವಾರ ಬೊರಿವಲಿ ತನಕ ಟ್ರಾಯಲ್ ಐತಿ. ಸೇಠ್ ಹೂಂ ಅಂದಾನ. ಬಾಜೂಕ ಒಬ್ಬರು ಕುಂತು ಸುಟ್ಟ ವಾಸನಿ ಬರತೈತೇನು ನೋಡಬೇಕು. ಹೆಂಗಸರ ಮೂಗು ಚುರುಕ ಇರತೈತಿ."

ಯಾವ ಸೀರೆ ಉಡಲಿ ಎಂದು ನಾನು ಆಗಲೇ ಯೋಚಿಸತೊಡಗಿದ್ದೆ. ಅತ್ತೆ ಅಕ್ಕಿ ಆರಿಸುತ್ತಲೇ, "ನನಗೂ ಮೂಗ ಐತೆಲ್ಲೋ ತಮ್ಮಾ" ಎಂದರು.

ಮುಗಿಯಿತಲ್ಲ. ಐತವಾರ ಇಡೀ ಮನೆಯೇ ಮೂಗು ತೆಗೆದುಕೊಂಡು ಕಾರು ಹತ್ತಿತು. ಮುಂದೆ ಭಾವ ಮತ್ತು ಅತ್ತೆ, ಹಿಂದೆ ನೆಗೆಣ್ಣಿ, ಮಕ್ಕಳು, ಬುತ್ತಿಯ ಡಬ್ಬಿ, ಮೂಲೆಗೆ ನಾನು. ಗಾಡಿ ತೇಲಿದಂತೆ ಹೋಯಿತು. ಅಂಧೇರಿ ದಾಟಿದ ಮೇಲೆ ಮನೆಗಳು ಕಡಿಮೆಯಾಗಿ ಗದ್ದೆ, ತಾಳೆಮರ ಕಂಡವು. ನನಗೆ ಕಂಡದ್ದು ಗಾಡಿ ನಡೆಸುತ್ತಿದ್ದ ಅವರ ಕುತ್ತಿಗೆಯ ಹಿಂಭಾಗ ಮಾತ್ರ. ಅಲ್ಲಿಯ ಬೆವರನ್ನು ಸೆರಗಿನಿಂದ ಒರೆಸಬೇಕೆಂದು ಕೈ ತಹತಹಿಸುತ್ತಿತ್ತು.

ಬೊರಿವಲಿ ಸ್ಟೇಶನ್ನಿನ ಹತ್ತಿರ ಅವರು ಗಾಡಿ ನಿಲ್ಲಿಸಿದರು. ಇಳಿದು ಬಾನೆಟ್ ಎತ್ತಿ ಬಗ್ಗಿ ನೋಡಿ, ಯಾರ ಮುಖವನ್ನೂ ನೋಡದೆ ಹೇಳಿದರು, "ಎಣ್ಣಿ ಕಾದೈತಿ. ಭಾರ ಜಾಸ್ತಿ ಆತು. ಒಂದ ತಾಸ ಆರಬೇಕು. ನೀವೆಲ್ಲಾ ಲೋಕಲ್ ಹಿಡಕೊಂಡು ನಡೀರಿ. ನೀರು ಗೀರು ತರಾಕ ಒಬ್ಬರು ಇದ್ರ ಸಾಕು."

ಅತ್ತೆ ಗೊಣಗುತ್ತ ಇಳಿದರು. ನೆಗೆಣ್ಣಿ ಮಕ್ಕಳನ್ನು ಇಳಿಸಿ, "ನಡೀರಿ ಅತ್ತಿ, ಇಕಿ ಇಲ್ಲೇ ಇರ್ಲಿ" ಎಂದಳು. ಭಾವ ಟಿಕೆಟ್ ತರಲು ಹೊರಟೇಬಿಟ್ಟರು.

ನನ್ನ ಬುದ್ಧಿ ಎಲ್ಲಿ ಮಣ್ಣು ತಿನ್ನುತ್ತಿತ್ತೋ ಕಾಣೆ. ಅಷ್ಟು ದಿನ ಕಷ್ಟಪಟ್ಟ ಅವರ ಕೆಲಸ ಕೆಟ್ಟಿತೆಂದು ನನಗೆ ಸಂಕಟವಾಯಿತು. ಹೋಗಿ ಬಗ್ಗಿ ನೋಡಿದೆ. ರೇಡಿಯೇಟರಿನಿಂದ ಹಿಂದಕ್ಕೆ ಬರುವ ಪೈಪು, ತಂತಿ ಬಗ್ಗಿದ ಹಾಗೆಯೇ ಬಗ್ಗಿ, ನಾಲ್ಕು ಬೆರಳು ದೂರ ಬಿಟ್ಟು ಹಾದುಹೋಗಿತ್ತು. ಮುಟ್ಟಿದೆ. ಕೂಸಿಗೆ ಕುಡಿಸುವ ಹಾಲಿನಷ್ಟೇ ಬೆಚ್ಚಗಿತ್ತು.

"ಕಾದಿಲ್ರೀ ಅತ್ತಿ," ಎಂದೆ ಎಲ್ಲರಿಗೂ ಕೇಳುವ ಹಾಗೆ. "ಅವರು ಭಾಳ ಚಲೋ ಮಾಡ್ಯಾರ. ಬೇಕಾದ್ರ ಮುಟ್ಟಿ ನೋಡ್ರಿ."

ಭಾವ ಹಿಂದಿರುಗಿ ಬಂದು ಮುಟ್ಟಿ ನೋಡಿದರು. "ಖರೇನ ಐತಿ. ಏನೋ ತಮ್ಮಾ, ನಿನ್ನ ಕೆಲಸದ ಮ್ಯಾಲ ನಿನಗ ನಂಬಿಗಿ ಇಲ್ಲೇನು?" ಎಂದು ನಕ್ಕು ಬೆನ್ನು ತಟ್ಟಿದರು. ಎಲ್ಲರೂ ಮತ್ತೆ ಹತ್ತಿದರು. ನೆಗೆಣ್ಣಿ ನನ್ನ ರಟ್ಟೆ ಚಿವುಟಿ, "ಹುಚ್ಚಿ, ಹುಚ್ಚಿ" ಎಂದು ಪಿಸುಗುಟ್ಟಿದಳು. ಆಗ ತಿಳಿಯಿತು ನನಗೆ. ಬೈಕುಲ್ಲಾದವರೆಗೂ ತಲೆ ಎತ್ತಲಿಲ್ಲ.

ಚಾಳಿನ ಮುಂದೆ ಎಲ್ಲರೂ ಇಳಿದು ಮೆಟ್ಟಿಲು ಹತ್ತಿದರು. ನಿದ್ದೆ ಹೋದ ಪುಟ್ಟಿಯನ್ನು ಎತ್ತಿಕೊಂಡು ನಾನು ಕಡೆಗೆ ಇಳಿದೆ. ಬಾಗಿಲು ಹಿಡಿದು ನಿಂತ ಅವರು ಮೊದಲ ಸಲ ನನ್ನ ಮುಖವನ್ನೇ ನೋಡಿ ಮಾತಾಡಿದರು.

"ಅದು ಕಾದಿಲ್ಲಂತ ನನಗ ಗೊತ್ತಿರಲಿಲ್ಲೇನು?"

ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ನಾನು ಅಷ್ಟು ಅಳುತ್ತಿರಲಿಲ್ಲ. ಮುಂದೆ ವಿಕ್ರೋಳಿಯಲ್ಲಿ ನಮಗೆ ಸ್ವಂತ ಖೋಲಿ ಸಿಕ್ಕಿತು, ಬಾಗಿಲು ಹಾಕಿಕೊಂಡು ಬೇಕಾದಷ್ಟು ಮಾತಾಡಿದೆವು, ಜಗಳವಾಡಿದೆವು, ಮಕ್ಕಳನ್ನು ಹೆತ್ತೆವು. ಈಗ ಅವರಿಲ್ಲ. ಅಷ್ಟೆಲ್ಲ ವರ್ಷ ಕೊಟ್ಟ ದೇವರ ಹತ್ತಿರ ಇನ್ನೂ ಏನಾದರೂ ಕೇಳಬಹುದಾದರೆ, ಬೊರಿವಲಿಯ ಆ ಒಂದು ತಾಸನ್ನೇ ಕೇಳುತ್ತೇನೆ.