ಮೆನ್ಸಿಯಾ ಅಂಗಡಿಯ ತಗಡು

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಸ್ಟೇಡಿಯಮ್ಮಿನ ಎಡಗೋಡೆಯ ಹೊರಗೆ, ಬಾದಾಮಿ ಮರದಿಂದ ನಾಲ್ಕು ಮಾರು ಈಚೆ, ಡೋನ್ಯಾ ಮೆನ್ಸಿಯಾ ತಮ್ಮ ಪೆಟ್ಟಿ ಅಂಗಡಿಯ ಹಲಗೆ ಎತ್ತಿ ಅದಕ್ಕೊಂದು ಕೋಲು ಕೊಟ್ಟು ನಿಲ್ಲಿಸುತ್ತಾರೆ. ಒಳಗೆ ಕಾಲಿಟ್ಟ ಕೂಡಲೇ ಒಲೆ ಹಚ್ಚುವುದಿಲ್ಲ. ಬಲಗೈ ಎತ್ತಿ, ತಲೆಯ ಮೇಲಿನ ತಗಡು ಕೆಳಕ್ಕೆ ಉಬ್ಬಿಕೊಂಡಿರುವ ಒಂದು ಜಾಗವನ್ನು ಮುಟ್ಟುತ್ತಾರೆ. ಆಮೇಲೆ ನೀರು ಚಿಮುಕಿಸಿ ಮೈದಾ ಹಿಟ್ಟಿಗೆ ಕೈ ಹಾಕುತ್ತಾರೆ.

"ಏನು, ಅದೃಷ್ಟಕ್ಕೆ ಮುಟ್ಟಿದ್ದಾ?" ಎಂದು ಕೇಳುತ್ತೇನೆ.

"ಅಭ್ಯಾಸ," ಎನ್ನುತ್ತಾರೆ ತಲೆ ಎತ್ತದೆ. "ಅದೃಷ್ಟ ಅನ್ನೋದಿದ್ದಿದ್ರೆ ಈ ವಯಸ್ಸಲ್ಲಿ ಕೋಳಿ ಕೂಗೋ ಮುಂಚೆ ಎದ್ದು ನಿನ್ನಂಥ ಹೊಟ್ಟೆಬಾಕನಿಗೆ ಕಾಫಿ ಕಾಯಿಸ್ತಿದ್ನಾ?"

ಹೊಟ್ಟೆಬಾಕ ಎನ್ನುವುದನ್ನು ಒಪ್ಪಿಕೊಂಡುಬಿಡುತ್ತೇನೆ. ಡೊಮಿನಿಕನ್ ದೇಶದ ಈ ಸಾನ್ ಪೆದ್ರೊ ಊರಿಗೆ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳಲು ಬಂದವನು ನಾನು. ಎರಡು ವರ್ಷ ಇದ್ದು ಹೋಗುವ ಲೆಕ್ಕವಿತ್ತು. ಮೆನ್ಸಿಯಾ ಕರಿಯುವ ಯಾನಿಕೇಕೆ ತಿಂದ ಮೇಲೆ ಆ ಲೆಕ್ಕ ತಪ್ಪಿತು. ಮೈದಾ, ಉಪ್ಪು, ನೀರು, ಎಣ್ಣೆ, ಇಷ್ಟೇ. ಆದರೆ ಅವರ ಕೈಯಲ್ಲಿ ಅದು ತಟ್ಟೆಯಗಲ ತೆಳ್ಳಗಾಗಿ, ಅಂಚಿನಲ್ಲಿ ಗರಿಗರಿಯಾಗಿ, ನಡುವೆ ಗುಳ್ಳೆ ಎದ್ದು ಬರುತ್ತದೆ. ನಮ್ಮ ಪೂರಿಗೆ ಅಣ್ಣ ಎನ್ನಬಹುದು.

ಮೆನ್ಸಿಯಾ ಅವರ ಪೂರ್ತಿ ಹೆಸರು ಎಮರೆನ್ಸಿಯಾ ಹಾಜ್. ಡೋನ್ಯಾ ಎಂದರೆ ನಮ್ಮಲ್ಲಿ ಅಮ್ಮಾವ್ರೇ ಎಂದಂತೆ. ಅವರ ಅಜ್ಜಿ ಕಬ್ಬು ಕಡಿಯುವವರ ಜೊತೆ ಪೂರ್ವದ ಚಿಕ್ಕ ದ್ವೀಪವೊಂದರಿಂದ ದೋಣಿ ಹತ್ತಿ ಬಂದವರು. ಈ ರೊಟ್ಟಿಯೂ ಅದೇ ದೋಣಿಯಲ್ಲಿ ಬಂತು ಎಂಬುದು ಮನೆಯ ಮಾತು. ಗಂಡ ಎಲಿಸಿಯೊ ಸಕ್ಕರೆ ಕಾರ್ಖಾನೆಯಲ್ಲಿ ಮೂಟೆ ಹೊರುತ್ತಿದ್ದರು. ಕಾರ್ಖಾನೆ ವರ್ಷಕ್ಕೆ ಅರ್ಧ ಕಾಲ ಮುಚ್ಚಿರುತ್ತಿತ್ತು. ಹೊಟ್ಟೆ ಮುಚ್ಚಿರುವುದಿಲ್ಲವಲ್ಲ, ಹಾಗಾಗಿ ಮೆನ್ಸಿಯಾ ಗೋಡೆ ಪಕ್ಕದಲ್ಲಿ ಒಲೆ ಹೂಡಿದರು. ಚಂಡಮಾರುತ ಎರಡು ಸಲ ಇಡೀ ಅಂಗಡಿಯನ್ನು ಹೊತ್ತುಕೊಂಡು ಹೋಗಿದೆ. ಎರಡೂ ಸಲ ಗಂಡ ಹೆಂಡತಿ ಬೀದಿ ಬೀದಿ ಹುಡುಕಿ ತಮ್ಮ ಹಲಗೆ, ತಗಡುಗಳನ್ನು ವಾಪಸು ತಂದಿದ್ದಾರೆ. ಒಂದು ತಗಡು ಪಾದ್ರಿಗಳ ಅಂಗಳದಲ್ಲಿ ಸಿಕ್ಕಿತಂತೆ. "ಪಾದ್ರಿ ಆಗ್ಲೇ ಅದರ ಕೆಳಗೆ ಕೋಳಿ ಕಟ್ಟಿದ್ರು," ಎಂದು ಮೆನ್ಸಿಯಾ ಈಗಲೂ ದೂರುತ್ತಾರೆ.

ಬೆಳಿಗ್ಗೆ ಬಟ್ಟೆ ಕಾರ್ಖಾನೆಗೆ ಹೋಗುವ ಹೆಂಗಸರು, ಬೈಕಿನಲ್ಲಿ ಜನರನ್ನು ಸಾಗಿಸುವ ಹುಡುಗರು ಬಂದು ನಿಂತೇ ತಿಂದು ಓಡುತ್ತಾರೆ. ಸಂಜೆಯದು ಬೇರೆಯೇ ಲೋಕ. ಅಕ್ಟೋಬರಿನಿಂದ ಹೊಸ ವರ್ಷದವರೆಗೆ ಗೋಡೆಯ ಒಳಗೆ ಬೇಸ್‌ಬಾಲ್, ಹೊರಗೆ ಮೆನ್ಸಿಯಾ. ಟಿಕೆಟ್ ಸಿಗದವರು, ಟಿಕೆಟ್ ಇದ್ದೂ ಹಸಿದವರು, ಒಳಗೆ ಕೂತರೆ ಎದೆ ಹೊಡೆದುಕೊಳ್ಳುತ್ತದೆ ಎನ್ನುವವರು, ಎಲ್ಲರೂ ಇಲ್ಲಿ ಸೇರುತ್ತಾರೆ. ಫೋನಿನ ರೇಡಿಯೊ ಒಂದು ಡಬ್ಬಿಯೊಳಗೆ ಕೂತು ಗದ್ದಲ ಮಾಡುತ್ತಿರುತ್ತದೆ. ಅದು ಯಾವಾಗಲೂ ಒಂದು ಗುಟುಕು ತಡ. ಚೆಂಡು ಗೋಡೆ ದಾಟಿ ಈ ತಗಡಿನ ಮೇಲೆ ಢಣ್ಣೆಂದು ಬಿದ್ದು, ಜನ ಕುಣಿದು ಮುಗಿಸುವ ಹೊತ್ತಿಗೆ ರೇಡಿಯೊದವನು "ಹೋಮ್ ರನ್!" ಎಂದು ಅರಚುತ್ತಾನೆ. ತಗಡು ಢಣ್ಣೆಂದರೆ ಅಲ್ಲಿದ್ದವರಿಗೆಲ್ಲ ಒಂದೊಂದು ಯಾನಿಕೇಕೆ ಪುಕ್ಕಟೆ. ಇದು ಎಲಿಸಿಯೊ ಇದ್ದಾಗಿನಿಂದ ನಡೆದುಬಂದ ಪದ್ಧತಿ. ಮಾವಿನಕಾಯಿ ಎಸೆದು ಢಣ್ಣೆನಿಸಿ ತಿಂದ ಕಳ್ಳರೂ ಇದ್ದಾರೆ.

ಮೆನ್ಸಿಯಾ ಮಾತ್ರ ಗೋಡೆಯ ಆಚೆ ಒಂದು ದಿನವೂ ಹೋಗಿಲ್ಲ. ಆಟದ ಹೊತ್ತೇ ವ್ಯಾಪಾರದ ಹೊತ್ತು. ಅವರಿಗೆ ಗೊತ್ತಿರುವುದು ಸದ್ದು ಮಾತ್ರ. ಅದರಲ್ಲೂ ಒಂದು ದನಿ ಚೆನ್ನಾಗಿ ಗೊತ್ತು. ಎಡಗೋಡೆಯ ಒಳಬದಿಯಲ್ಲಿ, ಸರಿಯಾಗಿ ಇವರ ಒಲೆಯ ನೇರಕ್ಕೆ, ಹಸಿರು ಅಂಗಿ ತೊಟ್ಟು ನಿಲ್ಲುವ ಆಟಗಾರ ಚೀಚೊ. ಹೆಸರು ಎವಾರಿಸ್ತೊ ವಿಲ್ಮೋರ್, ಆದರೆ ಹಾಗೆಂದು ಕರೆದರೆ ಅವನೇ ತಿರುಗಿ ನೋಡುವುದಿಲ್ಲ. ಕರಿಯುವ ವಾಸನೆ ಗೋಡೆ ದಾಟಿದ ಕೂಡಲೇ ಅಲ್ಲಿಂದ ಕೂಗುತ್ತಾನೆ: "ಡೋನ್ಯಾ, ಎರಡು ಎತ್ತಿಡಿ!" ಇವರು ಇಲ್ಲಿಂದ ಕೂಗುತ್ತಾರೆ: "ಮೊದ್ಲು ಚೆಂಡು ಹಿಡಿಯೋ!" ಹದಿನೆಂಟು ವರ್ಷಗಳಿಂದ ಇದೇ ಸಂಭಾಷಣೆ ನಡೆದಿದೆ.

ಈಗ ಚೀಚೊಗೆ ನಲವತ್ತೊಂದು. ಮೊಣಕಾಲು ಸಾಕೆಂದಿದೆ. ಈ ಡಿಸೆಂಬರಿಗೆ ಅವನ ಆಟ ಮುಗಿಯುತ್ತದೆ. ಅದು ಗೊತ್ತಾದಾಗಿನಿಂದ ಅಂಗಡಿ ಮುಂದೆ ಬೇರೆ ಮಾತೇ ಇಲ್ಲ.

"ಕರೆಂಟ್ ಹೋಗಿದ್ದು ನೆನಪಿದೆಯಾ?" ಎಂದು ಶುರುಮಾಡುತ್ತಾರೆ ಲುದೊವೀನೊ. ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಂಡಿದ್ದು ನಿವೃತ್ತರಾದವರು, ಈ ಗುಂಪಿನ ಸ್ವಯಂಘೋಷಿತ ಅಧ್ಯಕ್ಷರು. "ಓಟದ ಅರ್ಧ ದಾರೀಲಿ, ಎರಡನೇ ಬೇಸಲ್ಲಿದ್ದ ಚೀಚೊ. ಇಡೀ ಸ್ಟೇಡಿಯಂ ಕತ್ಲೆ. ಕರೆಂಟ್ ಬಂತು ನೋಡ್ತೀವಿ, ಮೂರನೇ ಬೇಸ್ ಮೇಲೆ ನಿಂತವ್ನೆ ಮಹಾನುಭಾವ!"

"ಅಂಪೈರ್ ಬೈದಿದ್ದಕ್ಕೆ ಏನಂದ ಹೇಳಿ," ಎಂದು ಪಕ್ಕದ ಕ್ಷೌರದಂಗಡಿ... ಅಲ್ಲ, 'ಸಲೂನ್' ಎನ್ನದಿದ್ದರೆ ಸಿಟ್ಟಾಗುವ ಯುದೆಲ್ಕಾ ನಗುತ್ತ ಕಣ್ಣೊರೆಸಿಕೊಳ್ಳುತ್ತಾಳೆ. "'ಕತ್ಲೆ ಅಂದ್ರೆ ಭಯ ಸ್ವಾಮಿ, ಯಾರಾದ್ರೂ ಜೊತೆಗಿರ್ಲಿ ಅಂತ ಈ ಕಡೆ ಬಂದೆ' ಅಂದ!"

"ಅಮೆರಿಕದವರು ಅವನನ್ನ ಇಟ್ಕೊಳ್ಲಿಲ್ವಲ್ಲ, ಅವರಿಗೆ ಬುದ್ಧಿ ಇಲ್ಲ," ಎನ್ನುತ್ತಾನೆ ಇನ್ನೊಬ್ಬ.

"ಓಡೋದು ನಿಧಾನ ಅಂತ ಕಳಿಸಿದ್ರಂತೆ. ನಿಧಾನ ಅಂತೆ! ಕತ್ಲೆಯಲ್ಲಿ ನೋಡ್ಬೇಕಿತ್ತು ಅವರು."

ಅವನ ಜೊತೆ ಆಡಿದವರಲ್ಲಿ ಕೆಲವರು ಅಮೆರಿಕದ ದೊಡ್ಡ ತಂಡಗಳಿಗೆ ಹೋಗಿ ಸಮುದ್ರದ ಎದುರು ಮಹಡಿ ಮನೆ ಕಟ್ಟಿಸಿದ್ದಾರೆ. ಚೀಚೊ ಒಂದು ಬೇಸಿಗೆಕಾಲ ಮಾತ್ರ ಅಲ್ಲಿದ್ದು ಬಂದು ಅಮ್ಮನಿಗೊಂದು ಫ್ರಿಜ್ ತಂದ. ಅದಕ್ಕೇ ಇರಬೇಕು ಈ ಊರಿಗೆ ಅವನ ಮೇಲೆ ಇಷ್ಟು ಅಕ್ಕರೆ. ಹೋದವರು ಟಿವಿಯಲ್ಲಿ ಸಿಗುತ್ತಾರೆ, ಇವನು ಪ್ರತಿ ಅಕ್ಟೋಬರ್ ಇಲ್ಲೇ ಸಿಗುತ್ತಿದ್ದ.

ಮಾತು ಕೊನೆಗೆ ತಲೆಯ ಮೇಲಕ್ಕೆ ಹೋಗುತ್ತದೆ. ತಗಡಿನ ತುಂಬ ಚೆಂಡು ಬಿದ್ದ ಗುರುತುಗಳಿವೆ. ಇದು ಇವನದು, ಅದು ಅವನದು ಎಂದು ಜಗಳವಾಡುತ್ತಾರೆ. ಒಂದರ ಬಗ್ಗೆ ಮಾತ್ರ ಯಾರದೂ ತಕರಾರಿಲ್ಲ. ನಟ್ಟನಡುವಿನ ಆ ದೊಡ್ಡ ಉಬ್ಬು, ನಮ್ಮ ತಂಡ ಫೈನಲ್ ಮುಟ್ಟಿದ ವರ್ಷ ಚೀಚೊ ಹೊಡೆದ ಹೋಮ್ ರನ್ನಿನದು. ಪಂದ್ಯ ಕೈತಪ್ಪುವಂತಿದ್ದರೆ ಸಾಲಾಗಿ ಬಂದು ಅದನ್ನು ಮುಟ್ಟುತ್ತಾರೆ. ಯುದೆಲ್ಕಾ ಮಗಳ ಪರೀಕ್ಷೆಯ ದಿನವೂ ಬಂದು ಮುಟ್ಟಿ ಹೋಗಿದ್ದಳು. ಸಾವಿರ ಕೈ ಸವರಿ ಆ ಜಾಗ ಮಿರಮಿರ ಮಿಂಚುತ್ತದೆ.

ಕಳೆದ ಬುಧವಾರ ಲುದೊವೀನೊ ಬೆಂಚಿನ ಮೇಲೆ ಹತ್ತಿ ನಿಂತು ಘೋಷಣೆ ಮಾಡಿದರು. ಭಾನುವಾರ ಕೊನೆಯ ಪಂದ್ಯ. ಈ ತಗಡನ್ನು ಬಿಚ್ಚಿ, ಹಸಿರು ಪಟ್ಟಿ ಕಟ್ಟಿ, ಮೈದಾನದಲ್ಲಿ ಚೀಚೊಗೆ ಕಾಣಿಕೆ ಕೊಡುವುದು. ಮೆನ್ಸಿಯಾಗೆ ಎಲ್ಲರೂ ಸೇರಿ ಹೊಸ ತಗಡು ಹಾಕಿಸಿಕೊಡುವುದು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

"ಏನಂತೀಯ ಮೆನ್ಸಿಯಾ? ಸೋರೋ ತಗಡು ಹೋಗಿ ಹೊಸದು ಬರುತ್ತೆ!" ಎಂದರು ಲುದೊವೀನೊ.

"ನೋಡೋಣ," ಎಂದರು ಮೆನ್ಸಿಯಾ, ಒಲೆಯ ಕಡೆ ತಿರುಗಿಕೊಂಡು. ಅವತ್ತು ಒಂದು ಬಾಣಲೆ ಪೂರ್ತಿ ಸೀದುಹೋಯಿತು. ಇಷ್ಟು ವರ್ಷದಲ್ಲಿ ಅವರ ಕೈಯಲ್ಲಿ ಸೀದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಬೇರೆ ಗಿರಾಕಿಗಳಿಲ್ಲದಾಗ, ಕೊಡಲು ಮನಸ್ಸಿಲ್ಲವೇ ಎಂದು ಕೇಳಿದೆ. ಅವರು ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

"ಅದು ಚೀಚೊದಲ್ಲ," ಎಂದರು. "ನಮ್ಮ ಎಲಿಸಿಯೊದು. ಅವನ ಮೊಣಕಾಲು."

ನನಗೆ ಅರ್ಥವಾಗಲಿಲ್ಲ. ಅವರೇ ಹೇಳಿದರು.

"ಆ ವರ್ಷ ಮಳೆಗೆ ಸೋರ್ತಿತ್ತು. ಡಾಂಬರು ಹಚ್ತೀನಿ ಅಂತ ಮೇಲೆ ಹತ್ತಿದ. ಮೂಟೆ ಹೊತ್ತ ಆಳು, ತೂಕ ಕೇಳ್ಬೇಡ. 'ಮರದ ಪಟ್ಟಿ ಮೇಲೆ ಕಾಲಿಡು ಮಾರಾಯ' ಅಂತ ಕೆಳಗಿಂದ ಬಡ್ಕೊಂಡೆ. ಕೇಳ್ತಾನಾ? ನಡುಮಧ್ಯೆ ಮೊಣಕಾಲೂರಿದ. ತಗಡು ಹೀಗೆ ಇಳೀತು. ನಾನು ಬೈದೆ, ಅವನು ನಕ್ಕ."

"ಸೋರೋದು ನಿಂತಿತಾ?"

"ಎಲ್ಲಿ! ಇನ್ನೂ ಜಾಸ್ತಿ ಆಯ್ತು." ಅವರಿಗೇ ನಗು ಬಂತು. "ಅದಾದ ವಾರಕ್ಕೆ ಆಪರೇಷನ್ ಅಂತ ಆಸ್ಪತ್ರೆ ಸೇರ್ದ. ಅಂಗಡಿ ಮುಚ್ಚಿದ್ದೆ. ಆವಾಗ್ಲೇ ಚೀಚೊ ಆ ದೊಡ್ಡ ಹೋಮ್ ರನ್ ಹೊಡ್ದಿದ್ದು. ಮಾರನೇ ದಿನ ಪಾತ್ರೆ ತಗೊಂಡು ಹೋಗೋಣ ಅಂತ ಬರ್ತೀನಿ, ಇಲ್ಲಿ ಜಾತ್ರೆ! ಲುದೊವೀನೊ ಬೆಂಚ್ ಮೇಲೆ ನಿಂತು, 'ನೋಡ್ರಪ್ಪಾ, ಚೀಚೊ ಏಟು ಅಂದ್ರೆ ಇದು' ಅಂತ ಭಾಷಣ ಮಾಡ್ತಿದ್ದ. ಜನ ಅತ್ತು ಕರೆದು ಮುಟ್ತಿದಾರೆ. ಪಾತ್ರೆ ಅಲ್ಲೇ ಬಿಟ್ಟೆ. ಹೋಗಿ ಎಲಿಸಿಯೊಗೆ ಹೇಳ್ದೆ. ಅವನು ನಕ್ಕ ನಗೂಗೆ ಹೊಲಿಗೆ ಬಿಚ್ಚೋಗುತ್ತೆ ಅಂತ ನರ್ಸ್ ಬೈದ್ಲು. 'ಹೇಳ್ಬೇಡ ಮೆನ್ಸಿಯಾ' ಅಂದ. 'ಹುಟ್ಟಿದಾಗಿಂದ ಒಂದು ಹೋಮ್ ರನ್ ಹೊಡೆದವನಲ್ಲ ನಾನು. ನನ್ನ ಮೊಣಕಾಲಾದ್ರೂ ಒಂದು ಹೊಡೀಲಿ.' ಹೊಸ ವರ್ಷಕ್ಕೆ ಅವನಿರ್ಲಿಲ್ಲ."

ಹಿಟ್ಟನ್ನು ಉಂಡೆ ಮಾಡಿ ಬಟ್ಟೆ ಮುಚ್ಚಿದರು. ಎಲಿಸಿಯೊ ಅವರ ಅಂಗಿ, ಬೂಟು ಯಾರ್ಯಾರಿಗೋ ಕೊಟ್ಟಾಯಿತಂತೆ. ಫೋಟೊ ಒಂದಿದೆ, ಅದರಲ್ಲಿ ಬೇರೆಯವರ ಕೋಟು ಹಾಕಿಕೊಂಡಿದ್ದಾರಂತೆ. "ಅವನ ಮೈಯಿಂದ ಉಳಿದಿರೋದು ಇದೊಂದೇ ಗುರುತು," ಎಂದರು. "ಕೊಡಲ್ಲ ಅಂದ್ರೆ ಯಾಕೆ ಅಂತಾರೆ. ಯಾಕೆ ಅಂತ ಹೇಳಿದ್ರೆ ಇಷ್ಟು ವರ್ಷ ಮುಟ್ಟಿದವರ ಮುಖ ಏನಾಗ್ಬೇಡ?"

ಪಾಠದ ಜೊತೆಗೆ ನನಗೆ ಬರೆಯುವ ಚಟವೂ ಇದೆ. ಇದನ್ನು ಬರೆಯಬಹುದೇ ಎಂದು ಕೇಳಿಯೇಬಿಟ್ಟೆ.

"ಯಾವ ಭಾಷೇಲಿ?"

"ನಮ್ಮದರಲ್ಲಿ. ಕನ್ನಡದಲ್ಲಿ."

"ಲುದೊವೀನೊಗೆ ಅದು ಬರುತ್ತಾ?"

"ಇಲ್ಲ."

"ಹಾಗಾದ್ರೆ ಬರ್ಕೋ."

ಶನಿವಾರ ಬೆಳಿಗ್ಗೆ ಚೀಚೊ ಬರುತ್ತಾನೆಂದು ಲುದೊವೀನೊ ಮೊದಲೇ ಹೇಳಿ ಎಲ್ಲರನ್ನೂ ಕರೆಸಿದ್ದಾರೆ. ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಬೆಂಚಿನ ಪಕ್ಕ ಸಜ್ಜಾಗಿ ನಿಂತಿದ್ದಾರೆ. ಗೋಡೆಯೊಂದಕ್ಕೆ ಅಂಗಿ ತೊಡಿಸಿದಂತಿರುವ ಮನುಷ್ಯ ಚೀಚೊ, ಕುಂಟುತ್ತ ಬಂದು ಮೆನ್ಸಿಯಾರ ಕೆನ್ನೆಗೆ ಮುತ್ತಿಟ್ಟು ಬೆಂಚಿನ ಮೇಲೆ ಕೂರುತ್ತಾನೆ. ಬೆಂಚು ಕಿರುಗುಟ್ಟುತ್ತದೆ. ಮೆನ್ಸಿಯಾ ಎರಡು ಯಾನಿಕೇಕೆ ಮುಂದಿಡುತ್ತಾರೆ. ಲುದೊವೀನೊ ಯೋಜನೆಯನ್ನು ವಿವರಿಸುತ್ತಾರೆ, ಆ ಹೋಮ್ ರನ್ನನ್ನು ಮತ್ತೊಮ್ಮೆ ವರ್ಣಿಸುತ್ತಾರೆ, ಉಬ್ಬನ್ನು ತೋರಿಸುತ್ತಾರೆ. ಪಟ್ಟಿ ಹಸಿರಿರಬೇಕೋ ಬಿಳಿಯಿರಬೇಕೋ ಎಂದು ಯುದೆಲ್ಕಾ ಅವರ ಮೇಲೆ ಏರಿ ಹೋಗುತ್ತಾಳೆ. ಗಲಾಟೆ ಆ ಕಡೆ ಸರಿಯುತ್ತದೆ.

ಚೀಚೊ ಅಗಿಯುತ್ತ ಮೇಲೆ ನೋಡುತ್ತಾನೆ. ಎದ್ದು ನಿಂತು ಕೈಯಿಂದ ಸವರುತ್ತಾನೆ. ಆಮೇಲೆ ಮೆನ್ಸಿಯಾ ಕಡೆ ಬಗ್ಗಿ, ನನಗೂ ಅವರಿಗೂ ಮಾತ್ರ ಕೇಳುವಂತೆ ಹೇಳುತ್ತಾನೆ:

"ಡೋನ್ಯಾ, ನನ್ನ ಚೆಂಡು ಬಾದಾಮಿ ಮರದ ಆಚೆ ಹೋಗಿತ್ತು. ಐಸ್ ಗಾಡಿಯವನ ಗಾಜು ಒಡ್ದು ನಾನೇ ಹೋಗಿ ಕ್ಷಮೆ ಕೇಳ್ಕೊಂಡು ಬಂದೆ. ಇದು ಯಾರದು?"

ಮೆನ್ಸಿಯಾ ಜಾಲರಿ ಸೌಟನ್ನು ಬಾಣಲೆಯ ಅಂಚಿಗೆ ಒರಗಿಸುತ್ತಾರೆ. "ನನ್ನ ಗಂಡನ ಮೊಣಕಾಲು ಕಣಪ್ಪ. ಡಾಂಬರು ಹಚ್ಚೋಕೆ ಹತ್ತಿದ್ದ."

ಚೀಚೊ ತನ್ನ ಮೊಣಕಾಲಿನ ಮೇಲೆ ಕೈಯಿಟ್ಟುಕೊಳ್ಳುತ್ತಾನೆ. ಅವನ ಭುಜ ಕುಲುಕುತ್ತದೆ, ನಗುವೋ ಅಳುವೋ ತಿಳಿಯುವುದಿಲ್ಲ. ಆಮೇಲೆ ಎಲ್ಲರಿಗೂ ಕೇಳುವಂತೆ ಗುಡುಗುತ್ತಾನೆ.

"ಹೌದು, ನಂದೇ! ಇದಕ್ಕಿಂತ ದೊಡ್ಡ ಏಟು ನಾನು ಹೊಡೆದಿಲ್ಲ. ಆದ್ರೆ ಲುದೊವೀನೊ, ಆ ಸ್ಕ್ರೂಡ್ರೈವರ್ ಒಳಗಿಡಿ. ನನ್ನ ಮನೆಗೆ ಬಂದ್ರೆ ಇದನ್ನ ಮುಟ್ಟೋರು ಯಾರಿದಾರೆ? ಮುಂದಿನ ಅಕ್ಟೋಬರಿಂದ ನಾನೂ ಇಲ್ಲೇ ನಿಮ್ಮ ಜೊತೆ ನಿಂತ್ಕೋಬೇಕು. ನನ್ನ ತಲೆ ಮೇಲೆ ತಗಡು ಬೇಡ್ವಾ?"

"ಸೋರುತ್ತಲ್ಲೋ ಮಾರಾಯ!"

"ಸೋರ್ಲಿ. ನೆನೀತೀನಿ."

ಲುದೊವೀನೊ ಸ್ವಲ್ಪ ಮುನಿಸಿಕೊಳ್ಳುತ್ತಾರೆ. ಆಮೇಲೆ, ಇದು ಮೊದಲಿನಿಂದ ತಮ್ಮದೇ ಅಭಿಪ್ರಾಯವಾಗಿತ್ತು ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಾರೆ.

ಭಾನುವಾರ ಸಂಜೆ ಅಂಗಡಿ ಮುಂದೆ ಕಾಲಿಡಲು ಜಾಗವಿಲ್ಲ. ಚೀಚೊ ಕೊನೆಯ ಸಲ ಬ್ಯಾಟು ಹಿಡಿದನೆಂದು ರೇಡಿಯೊ ಹೇಳಿದ ಕೂಡಲೇ ಎಲ್ಲರ ಕೈಯೂ ತಗಡಿಗೆ ಏರುತ್ತದೆ. "ಡೋನ್ಯಾ, ಇವತ್ತಾದ್ರೂ ನೀವೂ ಮುಟ್ಟಿ!" ಎಂದು ಯುದೆಲ್ಕಾ ಕಿರುಚುತ್ತಾಳೆ. "ನಂದು ಬೆಳಿಗ್ಗೇನೇ ಆಯ್ತು," ಎನ್ನುತ್ತಾರೆ ಮೆನ್ಸಿಯಾ. ಒಳಗೆ ದೊಡ್ಡದೊಂದು ಕೂಗು ಏಳುತ್ತದೆ. ಎಲ್ಲರೂ ಮೇಲೆ ನೋಡುತ್ತಾರೆ. ತಗಡು ಸುಮ್ಮನಿದೆ. ಗೋಡೆಯ ಬುಡದಲ್ಲಿ ಚೆಂಡು ಹಿಡಿದುಬಿಟ್ಟರಂತೆ, ರೇಡಿಯೊ ತಡವಾಗಿ ಹೇಳುತ್ತದೆ. ಲುದೊವೀನೊ ಮುಖ ಆ ಕಡೆ ಮಾಡಿ ಮೂಗು ಒರೆಸಿಕೊಳ್ಳುತ್ತಾರೆ. ಒಳಗೆ ಚಪ್ಪಾಳೆ ನಿಲ್ಲುವುದೇ ಇಲ್ಲ. ಅದು ಸ್ವಲ್ಪ ತಗ್ಗಿದಾಗ ಗೋಡೆಯಾಚೆಯಿಂದ ದನಿ ಬರುತ್ತದೆ: "ಡೋನ್ಯಾ, ಎರಡು ಎತ್ತಿಡಿ!"

ಈ ಸಲ ಚೆಂಡಿನ ಮಾತು ಆಡುವುದಿಲ್ಲ ಮೆನ್ಸಿಯಾ. "ಇಟ್ಟಿದೀನಿ ಬಾರೋ ಮಗನೇ," ಎನ್ನುತ್ತಾರೆ. ತಗಡು ಢಣ್ಣೆನ್ನದಿದ್ದರೂ ಅಲ್ಲಿದ್ದವರಿಗೆಲ್ಲ ಪುಕ್ಕಟೆ ಹಂಚುತ್ತಾರೆ.

ಜನ ಕರಗಿದ ಮೇಲೆ, ಇನ್ನು ನಿಮಗೇನು ಆಸೆ ಎಂದು ಕೇಳುತ್ತೇನೆ. ಒಳಗೆ ಹೋಗಿ ಒಂದು ಆಟ ನೋಡಬೇಕು ಎನ್ನುತ್ತಾರೇನೋ ಎಂದುಕೊಂಡಿರುತ್ತೇನೆ. ಅವರು ಒಲೆ ಆರಿಸಿ, ಕೈ ಒರೆಸಿಕೊಂಡು, ತಲೆ ಎತ್ತಿ ನೋಡುತ್ತಾರೆ.

"ಮುಂದಿನ ಚಂಡಮಾರುತ ಈ ತಗಡನ್ನ ಮಾತ್ರ ಬಿಟ್ಟು ಹೋದ್ರೆ ಸಾಕು. ನೋಡು, ಇವತ್ತು ಎಷ್ಟು ಜನ ಮುಟ್ಟಿದ್ರು! ಚೀಚೊನೂ ಮುಟ್ಟಿ ಹೋದ. ಆಡೋರ ಹೆಂಡ್ತೀರು ಸಾವಿರ ಜನ ಇದಾರೆ, ಅವರಿಗಿಲ್ಲದ ಭಾಗ್ಯ ನಂದು. ನನ್ನ ಗಂಡ ಮೂಟೆ ಹೊತ್ತವನು. ಹೋಗಿ ಇಷ್ಟು ವರ್ಷ ಆದ್ರೂ ಪಂದ್ಯ ಸೋಲೋ ಹಾಗಾದ್ರೆ ಊರಿಗೂರೇ ಓಡಿ ಬಂದು ಅವನ ಮೊಣಕಾಲು ಹಿಡ್ಕೊಳ್ಳುತ್ತೆ."