ಹೊಸ ಬಟ್ಟೆಗೆ ನಿದ್ದೆ ಗೊತ್ತಿಲ್ಲ

ವಿಜಯಪುರದಲ್ಲಿ ನನ್ನ ಮೊದಲ ರಾತ್ರಿ ಇಡೀ ಓಣಿಯೇ ನನ್ನ ಜೊತೆ ಮಲಗಿತ್ತು. ಸಿದ್ಧೇಶ್ವರ ಗುಡಿಯ ಹಿಂದಿನ ಹಳೇ ಮನೆಯೊಂದರಲ್ಲಿ ಬಾಡಿಗೆಗೆ ಕೋಣೆ ಹಿಡಿದಿದ್ದೆ. ಬೇಸಿಗೆ. ಮನೆಯೊಡತಿ ಗೌರಕ್ಕ ನನ್ನ ಹಾಸಿಗೆಯನ್ನು ತಾವೇ ಎತ್ತಿಕೊಂಡು ಮಾಳಿಗೆ ಹತ್ತಿದರು. ಮಾಳಿಗೆ ಎಂದರೆ ನಮ್ಮ ಹಂಚಿನ ಮಾಡಿನಂಥದ್ದಲ್ಲ, ಮೇಲೆ ನಿಂತು ಓಡಾಡುವಂಥ ಬಯಲು. ಅಲ್ಲೊಂದು ಹೊರಸು, ಅಂದರೆ ಹಗ್ಗ ಹೆಣೆದ ಮಂಚ. ಸುತ್ತ ನೋಡಿದರೆ ಪ್ರತಿ ಮಾಳಿಗೆಯ ಮೇಲೂ ಜನ! ಗಂಡಸರು, ಹೆಂಗಸರು, ಮಕ್ಕಳು, ಒಬ್ಬರು ಮುದುಕರು ರೇಡಿಯೋ ಸಮೇತ. ಪಕ್ಕದ ಮಾಳಿಗೆಯಿಂದ ಒಬ್ಬರು, “ಹೊಸಬ್ರೇನ್ರಿ? ಊಟ ಆತ್ರಿ?” ಎಂದು ಕೇಳಿ, ಉತ್ತರ ಬರುವ ಮೊದಲೇ ಗೊರಕೆ ಹೊಡೆದರು. ಬೆಳಗಿನವರೆಗೂ ನಾನು ಅವರ ಗೊರಕೆ ಕೇಳಿಕೊಂಡು ನಕ್ಷತ್ರ ನೋಡುತ್ತ ಬಿದ್ದುಕೊಂಡಿದ್ದೆ. ಅಷ್ಟು ಜನರ ನಡುವೆ ಎಚ್ಚರವಾಗಿದ್ದವನು ನಾನೊಬ್ಬನೇ.

ಕರಾವಳಿಯ ನಮ್ಮ ಗಂಗೊಳ್ಳಿಯವರಿಗೆ ಇದು ಅರ್ಥವಾಗಬೇಕಾದರೆ ನನ್ನ ಹಿಂದಿನ ನಿದ್ದೆಯ ವಿಷಯ ಹೇಳಬೇಕು. ಹದಿನೆಂಟು ವರ್ಷ ನಾನು ಬಂದರಿನ ಐಸ್ ಪ್ಲಾಂಟಿನಲ್ಲಿ ಆಪರೇಟರ್. ಮನೆ ಪ್ಲಾಂಟಿನ ಗೋಡೆಗೆ ತಾಗಿಯೇ ಇತ್ತು. ಕಂಪ್ರೆಸರಿನ ಧಡಧಡ ಶಬ್ದದಲ್ಲೇ ಮದುವೆಯ ರಾತ್ರಿ ಕಳೆದದ್ದು, ಅದರಲ್ಲೇ ಮಗಳು ತೊಟ್ಟಿಲಲ್ಲಿ ಮಲಗಿದ್ದು. ಕರೆಂಟ್ ಹೋಗಿ ಮೆಷಿನ್ ನಿಂತರೆ ಮೂವರಿಗೂ ಒಟ್ಟಿಗೇ ಎಚ್ಚರವಾಗುತ್ತಿತ್ತು. ಯಜಮಾನರು ಪ್ಲಾಂಟ್ ಮುಚ್ಚಿದರು. ಕಲಿತದ್ದು ತಂಪು ಮಾಡುವ ಅಮೋನಿಯಾ ಮೆಷಿನ್ ಒಂದೇ, ಅದಿರುವಲ್ಲಿಗೆ ಹೋಗಬೇಕು. ಹಾಗೆ ತಿಕೋಟಾದ ಹತ್ತಿರ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿಗೆ ಬಂದೆ. ಮಗಳು ಹತ್ತನೇ ತರಗತಿ, ಆದ್ದರಿಂದ ಅವಳೂ ಹೆಂಡತಿ ಸುಜಾತಳೂ ಊರಲ್ಲೇ ಉಳಿದರು. ಮೀನಿಗೆ ಬಿಟ್ಟ ತಂಪನ್ನು ದ್ರಾಕ್ಷಿಗೆ ಬಿಡುವುದು, ಅಷ್ಟೇ ವ್ಯತ್ಯಾಸ ಎಂದುಕೊಂಡಿದ್ದೆ. ಜಂಬ ಅಂದರೆ ಇದು.

ಇಲ್ಲಿ ತೊಳೆದ ಮೈ ಒರೆಸುವ ಬೈರಾಸು ಹಲ್ಲುಜ್ಜಿ ಬರುವಷ್ಟರಲ್ಲಿ ಒಣಗಿ ಹಪ್ಪಳವಾಗುತ್ತದೆ. ತುಟಿ ಒಡೆಯುತ್ತದೆ. ಗೌರಕ್ಕನ ಮನೆಯಲ್ಲಿ ಮೀನು ತರುವ ಮಾತಿಲ್ಲ, ನಾನೂ ತರಲಿಲ್ಲ. ಎರಡು ಹೊತ್ತು ಜೋಳದ ರೊಟ್ಟಿ. ಮೊದಲ ವಾರ ಅದನ್ನು ಚಪಾತಿಯಂತೆ ಹರಿಯಲು ಹೋಗಿ ಪುಡಿ ಮಾಡಿಕೊಂಡೆ. ಕುಚ್ಚಲಕ್ಕಿ ಗಂಜಿ ನೆನೆದರೆ ಅಳು ಬರುತ್ತಿತ್ತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಭಾಷೆ ಕನ್ನಡವೇ, ಆದರೆ ಎಲ್ಲರೂ ಜಗಳಕ್ಕೆ ಬಂದಂತೆ ಪ್ರೀತಿಯಿಂದ ಮಾತಾಡುತ್ತಾರೆ. ಮಾತಿಗೊಂದು ‘ರಿ’ ಹಾಕಿ ಜಗಳ ಮಾಡುವ ಊರನ್ನು ನಾನು ಬೇರೆಲ್ಲೂ ಕಂಡಿಲ್ಲ. ಇವೆಲ್ಲಕ್ಕೆ ಒಗ್ಗಿಕೊಂಡೆ. ನಿದ್ದೆ ಮಾತ್ರ ಬರಲಿಲ್ಲ.

ಬರುತ್ತಿರಲೇ ಇಲ್ಲ ಅಂದರೆ ಸುಳ್ಳಾದೀತು. ಬಸ್ಸಿನಲ್ಲಿ ಬರುತ್ತಿತ್ತು. ಬೆಳಿಗ್ಗೆ ತಿಕೋಟಾ ಬಸ್ಸು ಹತ್ತಿದರೆ ಇಟ್ಟಂಗಿಹಾಳದ ಸುತ್ತಮುತ್ತ ತಲೆ ಕಿಟಕಿಗೆ ಬಡಿಯಲು ಶುರು. ಒಮ್ಮೆ ತಿಕೋಟಾ ದಾಟಿ ಎಷ್ಟೋ ದೂರ ಹೋದ ಮೇಲೆ ಕಂಡಕ್ಟರ್ ಎಬ್ಬಿಸಿ, “ಯಪ್ಪಾ, ಮನಿ ಇಲ್ಲೇನ್ರಿ ನಿಮಗ?” ಎಂದ. ಇದೆ, ಎರಡಿದೆ, ಎರಡರಲ್ಲೂ ನಿದ್ದೆಯಿಲ್ಲ ಎನ್ನಬೇಕೆನಿಸಿತು. ಇಳಿದು ಬಿಸಿಲಲ್ಲಿ ವಾಪಸ್ ಬಸ್ಸಿಗೆ ಕಾದೆ.

ಈ ಊರಿನವರಿಗೆ ಕಷ್ಟ ಹೇಳಿಕೊಂಡರೆ ಸಾಕು, ಔಷಧಿ ಮನೆ ಬಾಗಿಲಿಗೆ ಬರುತ್ತದೆ. ಒಬ್ಬರು ಅಂಗಾಲಿಗೆ ಔಡಲೆಣ್ಣೆ, ಅಂದರೆ ಹರಳೆಣ್ಣೆ, ತಿಕ್ಕಿಕೊಳ್ಳಿ ಎಂದರು. ಹೊರಸಿನಿಂದ ಇಳಿಯುವಾಗ ಜಾರಿ ಬಿದ್ದೆ. ಇನ್ನೊಬ್ಬರು ಎಮ್ಮೆ ಹಾಲಿಗೆ ಗಸಗಸೆ ಅರೆದು ಕುಡಿಯಲು ಹೇಳಿದರು. ರುಚಿ ಬಹಳ ಚೆನ್ನಾಗಿತ್ತು, ಎಚ್ಚರವಾಗಿ ಮಲಗಿ ಅದರ ರುಚಿಯನ್ನೇ ನೆನೆದೆ. ರಾತ್ರಿ ಹಸಿ ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ತಿನ್ನಬೇಕು ಎಂದವರೂ ಇದ್ದರು. ಅದರಿಂದ ಪಕ್ಕದ ಮಾಳಿಗೆಯವರು ಮುಖ ಆಚೆ ತಿರುಗಿಸಿ ಮಲಗಿದ್ದಷ್ಟೇ ಲಾಭ. ಸ್ಟೇಷನ್ ರಸ್ತೆಯ ಡಾಕ್ಟರು ಗುಳಿಗೆ ಬರೆಯಲಿಲ್ಲ. ಸಂಜೆಯ ಮೇಲೆ ಚಹಾ ಬೇಡ, ಹಾಸಿಗೆಯಲ್ಲಿ ಫೋನ್ ಬೇಡ, ದಿನಾ ಒಂದೇ ಹೊತ್ತಿಗೆ ಏಳಬೇಕು, ನಿದ್ದೆ ಬರದಿದ್ದರೆ ಹೊರಳಾಡದೆ ಎದ್ದು ಸುಮ್ಮನೆ ಕೂತಿರಿ, ತೂಕಡಿಕೆ ಬಂದಾಗ ಹೋಗಿ ಮಲಗಿ ಎಂದರು. ಒಳ್ಳೆಯ ಮಾತೇ. ಫೋನ್ ಬಿಟ್ಟೆ, ಒಂದೇ ಹೊತ್ತಿಗೆ ಎದ್ದೆ. ಚಹಾ ಬಿಡುವುದು ಮಾತ್ರ ನನ್ನ ಕೈಯಲ್ಲಿರಲಿಲ್ಲ. ಇಲ್ಲಿ ಚಹಾ ಬೇಡ ಎಂದರೆ ನಿಮ್ಮ ಸಹವಾಸ ಬೇಡ ಎಂದಂತೆ. “ಹಂಗಂದ್ರ ಹ್ಯಾಂಗ್ರಿ, ಅರ್ಧಾ ಕಪ್ಪ ಕುಡೀರಿ” ಎನ್ನುತ್ತಾರೆ. ನಾಲ್ಕು ಕಡೆ ಅರ್ಧ ಕಪ್ಪಾದರೆ ಲೆಕ್ಕ ನೀವೇ ಹಾಕಿ.

ಒಂದು ಮಧ್ಯಾಹ್ನ ಮೆಷಿನ್ ಕೋಣೆಯಲ್ಲಿ ಹೆಗಲ ಮೇಲೆ ಕೈ ಬಿತ್ತು. ಸ್ಟೋರೇಜಿನ ಮಾಲೀಕರು, ಎಲ್ಲರೂ ಸಾಹುಕಾರ್ರು ಎನ್ನುವವರು. ನಾನು ಗೇಜಿನ ಮುಂದೆ ಕೂತಲ್ಲೇ ನಿದ್ದೆಹೋಗಿದ್ದೆ. ನನ್ನ ಲಾಲಿ ಹಾಡೇ ಅದಲ್ಲವೇ, ಆ ಧಡಧಡ! ಊರಲ್ಲಿ ಮಲಗಿಸುತ್ತಿದ್ದ ಶಬ್ದ ಇಲ್ಲಿ ಡ್ಯೂಟಿಯಲ್ಲಿ ಮಾತ್ರ ಸಿಗುತ್ತಿತ್ತು. ಒತ್ತಡದ ಮುಳ್ಳು ಏರಬಾರದ ಕಡೆಗೆ ಏರಿತ್ತು. ಓಡಿ ಸರಿಮಾಡಿದೆ.

ಸಾಹುಕಾರ್ರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಚಿಂತಿ ಇಲ್ಲದವಗ ಸಂತ್ಯಾಗೂ ನಿದ್ದಿ ಅಂತಾರ, ನಿಮಗ ಚಿಂತಿ ಐತಿ, ನನಗ ತಿಳೀತೈತ್ರಿ. ಆದ್ರ ನಿದ್ದಿ ಇಲ್ಲದ ಮನಷ್ಯಾನ ಕೈಯಾಗ ಅಮೋನಿಯಾ ಕೊಟ್ಟು ನಾ ಹ್ಯಾಂಗ ನಿದ್ದಿ ಮಾಡ್ಲಿ? ಒಳಗ ಇಪ್ಪತ್ತು ಮಂದಿ ಹೆಣ್ಮಕ್ಳು ದ್ರಾಕ್ಷಿ ಆರಸ್ತಾರ, ಗ್ಯಾಸ್ ಸೋರಿದ್ರ ಅವರ ಗತಿ ಏನ್ರಿ? ಬರೂ ಅಮಾಸಿ ತನಕ ನೋಡ್ತೇನಿ. ಆಗದಿದ್ರ ನೀವು ಊರಿಗೆ ಹೋಗೂದು ಛಲೋ” ಎಂದರು. ಅವರು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಆದರೆ ಊರಲ್ಲಿ ಯಾವ ಮೆಷಿನ್ ಕಾಯುತ್ತಿತ್ತು ನನಗಾಗಿ?

ಆ ಸಂಜೆ ಗೌರಕ್ಕ ನನ್ನ ಮುಖ ನೋಡಿ ವಿಷಯ ಬಿಡಿಸಿಕೊಂಡರು. ನಂತರ ಮಾಳಿಗೆ ಹತ್ತಿ, ನನ್ನ ಹಾಸಿಗೆ ಎತ್ತಿ ನೋಡಿದರು. ಬರುವಾಗ ಕೊಂಡಿದ್ದ ಹೊಸ ಜಮಖಾನ, ಹೊಸ ಚಾದರ, ಹೊಸ ದಿಂಬು.

“ಕೌದಿ ಎಲ್ಲೈತ್ರಿ?” ಎಂದರು.

ಕೌದಿ ನಿಮಗೆ ಗೊತ್ತಿರಬಹುದು, ಹಳೇ ಸೀರೆ ಧೋತರಗಳನ್ನು ಪದರ ಪದರ ಸೇರಿಸಿ, ಮೇಲೆ ತುಂಡುಗಳನ್ನಿಟ್ಟು ಒತ್ತೊತ್ತಾಗಿ ಕೈಹೊಲಿಗೆ ಹಾಕಿದ ದಪ್ಪ ಹೊದಿಕೆ. ಇಲ್ಲಿ ಅದನ್ನು ಹಾಸುವುದಕ್ಕೂ ಸೈ, ಹೊದೆಯುವುದಕ್ಕೂ ಸೈ. ನನ್ನ ಹತ್ತಿರ ಇಲ್ಲ ಎಂದಾಗ ಗೌರಕ್ಕ, ಮೈಮೇಲೆ ಬಟ್ಟೆ ಇಲ್ಲ ಎಂದವನನ್ನು ನೋಡಿದಂತೆ ನೋಡಿದರು. ತಾವೇ ಹೊಲಿದು ಕೊಡುವುದಾಗಿ, ಬಟ್ಟೆ ಮಾತ್ರ ನಾನು ತರಬೇಕೆಂದು ಹೇಳಿದರು. ಅವರ ತವರು ಬಬಲೇಶ್ವರ. ಕೌದಿ ಹೊಲಿಯುವುದನ್ನು ತಾಯಿಯ ಮಗ್ಗುಲಲ್ಲಿ ಕೂತು ಕಲಿತವರು.

ಮರುದಿನವೇ ಸ್ಟೇಷನ್ ರಸ್ತೆಗೆ ಹೋಗಿ ಆರಿಸಿ ಆರಿಸಿ ಒಳ್ಳೆಯ ಹತ್ತಿ ಬಟ್ಟೆ ತಂದೆ. ಹಿರಿಯ ಹೆಂಗಸು ನನಗಾಗಿ ಹೊಲಿಯುವಾಗ ಚಿಂದಿ ಕೊಡುವುದೇ? ನಮ್ಮಲ್ಲಿ ಹಳೇ ಸೀರೆ ಬೋಟಿನ ಇಂಜಿನ್ ಒರೆಸಲು ಹೋಗುತ್ತದೆ. ಗೌರಕ್ಕ ಕಟ್ಟು ಬಿಚ್ಚಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಕ್ಕು ನಕ್ಕು ಕಣ್ಣೊರೆಸಿಕೊಂಡರು.

“ಯಪ್ಪಾ ಮಂಗ್ಳೂರವ್ರ, ಇದೇನ್ ತಂದೀರಿ! ಹೊಸಾ ಅರಿವಿಗಿ ನಿದ್ದಿ ಗೊತ್ತಿರೂದಿಲ್ರಿ. ಉಟ್ಟು ಉಟ್ಟು ಮೆತ್ತಗಾಗಿರಬೇಕು, ಮನೀ ಮಂದಿ ಬೆವರು ಕುಡದಿರಬೇಕು. ನಿಮ್ಮ ಮಂದೀದು ತರಸ್ರಿ.”

ಕರಾವಳಿಯವರೆಲ್ಲ ಅವರಿಗೆ ಮಂಗಳೂರವರೇ. ತಿದ್ದುವುದನ್ನು ಆಗಲೇ ಬಿಟ್ಟಿದ್ದೆ.

ಸುಜಾತಳಿಗೆ ಫೋನ್ ಮಾಡಿ ಹಳೇ ಸೀರೆ ಕಳಿಸು ಎಂದೆ. “ಹಳಿ ಸೀರಿ ಯಾರಿಗೆ ಮಾರಾಯ್ರೆ?” ಎಂದಳು. ಆ ಪ್ರಶ್ನೆಯ ಮೊನೆ ಗಂಡಸಾದವನಿಗೆ ತಿಳಿಯದ್ದಲ್ಲ. ಎಲ್ಲ ವಿವರಿಸಿದೆ, ಅಮಾವಾಸ್ಯೆಯ ಗಡುವನ್ನೂ ಹೇಳಿದೆ. ನಾಲ್ಕನೇ ದಿನಕ್ಕೆ ಬಸ್ಸಿನಲ್ಲಿ ಕಟ್ಟು ಬಂತು. ಅವಳ ಎರಡು ಸೀರೆ, ತೀರಿಕೊಂಡ ಅಮ್ಮನದೊಂದು, ಮಗಳಿಗೆ ಗಿಡ್ಡವಾದ ಶಾಲೆಯ ಸಮವಸ್ತ್ರ, ನನ್ನದೇ ನೀಲಿ ಚೌಕಳಿಯ ಲುಂಗಿ. ಕಟ್ಟಿಗೆ ಮೂಗಿಟ್ಟೆ. ಉಪ್ಪು, ಮೀನು, ಮಳೆಗಾಲದ ಕಮಟು. ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ.

ಗೌರಕ್ಕ ಹಗಲೆಲ್ಲ ಪಡಸಾಲೆಯಲ್ಲಿ ಕೂತು ಹೊಲಿದರು. ಕೊನೆಯ ಮೂಲೆ ಮುಚ್ಚುವ ಮೊದಲು ನನ್ನನ್ನು ಕರೆದು ಒಂದು ಚೂರು ರೊಟ್ಟಿಯನ್ನು ಪದರದೊಳಗಿಟ್ಟರು. “ಕೌದಿ ಹಸಕೊಂಡಿರಬಾರದು. ಅದರ ಹೊಟ್ಟಿ ತುಂಬಿದ್ರ ಹೊದ್ದವರ ಹೊಟ್ಟೀನೂ ತುಂಬತೈತಿ. ನಿಮ್ಮ ಮನ್ಯಾಗ ಉಣ್ಣೂದು ಏನರ ಇದ್ರ ತರ್ರಿ.” ನನ್ನ ಪೆಟ್ಟಿಗೆಯಲ್ಲಿ ಊರಿಂದ ತಂದ ಕುಚ್ಚಲಕ್ಕಿ ಇತ್ತು. ನಾಲ್ಕು ಕಾಳು ತಂದು ರೊಟ್ಟಿಯ ಮಗ್ಗುಲಿಗಿಟ್ಟೆ. ಹೊಲಿದುಬಿಟ್ಟರು.

ಮೊದಲ ರಾತ್ರಿ ಅದನ್ನು ಹಾಸಿ ಮಲಗಿದರೂ ನಿದ್ದೆ ಬರಲಿಲ್ಲ. ಬೆರಳಾಡಿಸುತ್ತ ಇದು ಅಮ್ಮನದು, ಇದು ಮಗಳ ಸಮವಸ್ತ್ರದ ದಪ್ಪ ಅಂಚು ಎಂದು ಗುರುತು ಹಿಡಿಯುತ್ತಲೇ ಬೆಳಗಾಯಿತು. ಎರಡನೇ ರಾತ್ರಿ ಕೆನ್ನೆ ಲುಂಗಿಯ ತುಂಡಿನ ಮೇಲಿತ್ತು. ಆಮೇಲಿನದು ನೆನಪಿಲ್ಲ. ಕಣ್ಣು ಬಿಟ್ಟಾಗ ಬಿಸಿಲು ಮುಖಕ್ಕೆ ಬಡಿಯುತ್ತಿತ್ತು, ಸುತ್ತಲ ಮಾಳಿಗೆಗಳೆಲ್ಲ ಖಾಲಿ. ಗೌರಕ್ಕ ಕೆಳಗಿನಿಂದ ಯಾರಿಗೋ, “ಎಬ್ಬಸಬ್ಯಾಡ್ರಿ, ನಮ್ಮ ತಮ್ಮ ಮಲಗ್ಯಾನ” ಎನ್ನುತ್ತಿದ್ದರು. ಅಂದಿನಿಂದ ದಿನಾ ನಿದ್ದೆ ಬರತೊಡಗಿತು. ಕೌದಿಯೋ, ಡಾಕ್ಟರ ಮಾತೋ, ಆ ‘ತಮ್ಮ’ನೋ, ಯಾವುದು ಕೆಲಸ ಮಾಡಿತೆಂದು ನಾನು ಹೇಳಲಾರೆ. ಅಮಾವಾಸ್ಯೆಯ ದಿನ ಸಾಹುಕಾರ್ರು ನನ್ನ ಕಣ್ಣನ್ನು ದಿಟ್ಟಿಸಿ ನೋಡಿ, ಗೇಜಿನ ಮುಳ್ಳನ್ನೊಮ್ಮೆ ನೋಡಿ ಹೋದರು. ಕೆಲಸ ಉಳಿಯಿತು.

ಚೌತಿ ಕಳೆದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಮನೆಗೆ ಫೋನ್ ಮಾಡಿದೆ. ಮಗಳು ಎತ್ತಿದಳು.

“ಅಮ್ಮ ಈಗ ಮನ್ಕಂಡಿರ್, ಅಪ್ಪಯ್ಯ. ರಾತ್ರಿ ಅವ್ರಿಗೆ ನಿದ್ರಿ ಬತ್ತಿಲ್ಲೆ.”

“ಯಾವಾಗಿಂದ?”

“ಪ್ಲಾಂಟ್ ನಿಂತಲ್ಲಿಂದ್ಲೇ ಕಮ್ಮಿ. ನೀವ್ ಹೋದ್ಮೇಲೆ ನಿಮ್ ನೀಲಿ ಲುಂಗಿ ದಿಂಬಿಗೆ ಸುತ್ಕಂಡ್ ಮನ್ಕಂತಿದ್ರ್. ಈಗ ಅದೂ ಇಲ್ಲ ಅಲ್ದಾ.”

ಅಷ್ಟು ತಿಂಗಳು ನನ್ನ ನಿದ್ದೆಯ ಗೋಳನ್ನು ಅವಳಿಗೆ ಹೇಳಿದ್ದೇ ಹೇಳಿದ್ದು. ನಿನಗೆ ನಿದ್ದೆ ಬರುತ್ತದೆಯೇ ಎಂದು ಒಮ್ಮೆಯೂ ಕೇಳಿರಲಿಲ್ಲ. ಅವಳ ನಿದ್ದೆಯನ್ನೇ ಹಾಸಿಕೊಂಡು ನಾನು ಇಲ್ಲಿ ಗೊರಕೆ ಹೊಡೆದಿದ್ದೆ.

ಕೌದಿ ಬಿಚ್ಚಿ ಲುಂಗಿ ತೆಗೆದುಕೊಡಿ ಎಂದು ಗೌರಕ್ಕನಲ್ಲಿ ಕೇಳಿದೆ. ಅವರು ಕಣ್ಣು ಕೆಂಪಗೆ ಮಾಡಿ, “ಹೊಟ್ಟಿ ತುಂಬಿಸಿದ್ದ ಬಿಚ್ತಾರೇನು? ನಿನ್ನ ಹಳೀ ಅರಿವಿ ತಾ, ಆಕೀಗೂ ಒಂದ್ ಹೊಲೀತೇನಿ” ಎಂದರು. ನನ್ನ ಹಳೇ ಬಟ್ಟೆ ಇಲ್ಲೆಲ್ಲಿ ಎನ್ನಲು ಹೋದೆ. ಗೂಟದ ಮೇಲೆ ನೋಡಿದರೆ ಮೆಷಿನ್ ಎಣ್ಣೆಯ ಕಲೆ ಹತ್ತಿದ, ಮೊಣಕೈ ಹರಿದ ನಾಲ್ಕು ಅಂಗಿ, ಎರಡು ಪಂಚೆ ನೇತಾಡುತ್ತಿದ್ದವು. ಎಲ್ಲ ಈ ಊರಲ್ಲೇ ಸವೆದವು. ಈ ಊರಲ್ಲೂ ನನಗೆ ಹಳೇ ಬಟ್ಟೆ ಇದೆ ಎಂದು ಗೊತ್ತಾದದ್ದು ಆ ಹೊತ್ತು. ಗೌರಕ್ಕ ತಮ್ಮದೊಂದು ಇಳಕಲ್ ಸೀರೆಯನ್ನೂ ಸೇರಿಸಿದರು.

ದೀಪಾವಳಿಗೆ ಊರಿಗೆ ಹೋದಾಗ ಅದನ್ನು ಒಯ್ದೆ. ಸುಜಾತ ಮೂಸಿ ನೋಡಿ, “ಇದೆಂತ ವಾಸನಿ?” ಎಂದಳು. ಮೆಷಿನ್ ಎಣ್ಣೆ, ಒಣದ್ರಾಕ್ಷಿ, ಜೋಳದ ಹಿಟ್ಟು ಎಂದೆ. ಮೂಗು ಮುರಿದಳು. ರಾತ್ರಿ ಅದನ್ನೇ ಕುತ್ತಿಗೆಯವರೆಗೆ ಎಳೆದುಕೊಂಡು ಮಲಗಿದಳು, ಮಗಳು ದೀಪ ಆರಿಸುವ ಮೊದಲೇ ಉಸಿರು ನಿಧಾನವಾಯಿತು.

ನನಗೆ ನಿದ್ದೆ ಬರಲಿಲ್ಲ. ಗೋಡೆಯಾಚೆ ಪ್ಲಾಂಟ್ ಸತ್ತಂತೆ ಬಿದ್ದಿತ್ತು. ನನ್ನ ಕೌದಿ ವಿಜಯಪುರದ ಕೋಣೆಯಲ್ಲಿತ್ತು. ಗೌರಕ್ಕ ಬಿಸಿಲಿಗೆ ಹಾಕಿದ್ದಾರೋ ಇಲ್ಲವೋ ಎಂಬ ಯೋಚನೆ ಬಂತು. ಹೊರಳಾಡದೆ ಎದ್ದು ಕೂತೆ, ಡಾಕ್ಟರು ಹೇಳಿದಂತೆ. ಅಷ್ಟಕ್ಕೆ ಸುಜಾತ ನಿದ್ದೆಗಣ್ಣಲ್ಲೇ ಕೈ ಚಾಚಿ ನನ್ನ ಅಂಗಿಯ ತುದಿ ಹಿಡಿದಳು.

“ಮನ್ಕಣಿ. ನಾಳಿಗೆಲ್ಲಿಗೆ ಹೋಪುಕಿತ್ತ್ ನಿಮ್ಗೆ?”

ನಾಳೆ ಎಲ್ಲಿಗೂ ಹೋಗಬೇಕಾಗಿಲ್ಲ ಎಂದೆ. ಅವಳು ಹಿಡಿದಿದ್ದ ಅಂಗಿಯ ಜೇಬಿನಲ್ಲಿ ನಾಡಿದ್ದಿನ ಬಸ್ಸಿನ ಟಿಕೆಟ್ ಇತ್ತು.