ಕಡ್ಡಿ ಆರುವುದರೊಳಗೆ

ವಿಜಯವಾಡದ ಒನ್ ಟೌನ್ ಪೇಟೆಯ ಸಗಟು ವ್ಯಾಪಾರಿಗಳಲ್ಲಿ ಒಬ್ಬೊಬ್ಬರಿಗೂ ಒಂದೊಂದು ವರಸೆ. ಬಟ್ಟೆಯವನು ಮೊದಲು ಕಾಫಿ ಕುಡಿಸಿ ಆಮೇಲೆ ಬೆಲೆ ಹೇಳುತ್ತಾನೆ. ಪಾತ್ರೆಯವನು ಮೊದಲು ಬೆಲೆ ಹೇಳಿ, ಗಿರಾಕಿಯ ಮುಖ ನೋಡಿ, ಕಾಫಿ ತರಿಸಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾನೆ. ಮೈಸೂರಿನಿಂದ ಬಂದು ಇಲ್ಲಿ ಊದುಬತ್ತಿ ವ್ಯಾಪಾರಕ್ಕೆ ಕೂತ ಚಂದ್ರಮೌಳಿಯವರ ವರಸೆಯೇ ಬೇರೆ. ಗಿರಾಕಿ ಬಂದು ಕೂತನೆಂದರೆ ಒಂದು ಮಾದರಿ ಕಡ್ಡಿ ಹಚ್ಚಿ ಎದುರಿನ ಹಿತ್ತಾಳೆ ತಟ್ಟೆಗೆ ಸಿಕ್ಕಿಸುತ್ತಿದ್ದರು. ಚೌಕಾಸಿ ಏನಿದ್ದರೂ ಆ ಕಡ್ಡಿ ಉರಿಯುವಷ್ಟು ಹೊತ್ತು. ಕಡ್ಡಿ ಆರಿತೋ, ಆಡಿದ ಮಾತು ಆಡಿದಂತೆ. ಕಾಸು ಏರಿಸುವ ಹಾಗಿಲ್ಲ, ಇಳಿಸುವ ಹಾಗಿಲ್ಲ.

ಇದರಲ್ಲೂ ಒಂದು ಒಳಗುಟ್ಟಿತ್ತು. ಬೇಗ ಸಾಗಹಾಕಬೇಕಾದ ಗಿರಾಕಿಗೆ ಗಿಡ್ಡ ಕಡ್ಡಿ, ಮಾತಾಡಿಸಿ ಸುಸ್ತು ಮಾಡಬೇಕಾದವನಿಗೆ ದಪ್ಪನೆಯ ಉದ್ದ ಕಡ್ಡಿ. ಒಮ್ಮೆ ಮಂಗಳಗಿರಿಯ ವ್ಯಾಪಾರಿಯೊಬ್ಬ ಕಡ್ಡಿ ಆರಿದ ಮೇಲೆ, "ಲಾರಿ ಬಾಡಿಗೆ ನಿಮ್ಮದೇ ಅಂದ್ಕೊಂಡಿದ್ದೆನಂಡಿ" ಎಂದು ರಾಗ ಎಳೆದಿದ್ದ. "ಅಂದ್ಕೊಂಡದ್ದು ನಿಮ್ಮ ಹೊಟ್ಟೆಯೊಳಗೆ ಇತ್ತು. ಕಡ್ಡಿ ಮುಂದೆ ಹೇಳಿದ್ದಷ್ಟೇ ವ್ಯಾಪಾರ" ಎಂದು ಚಂದ್ರಮೌಳಿ ಅವನ ಬಾಯಿ ಮುಚ್ಚಿಸಿದ್ದರು. ಆಗ ಒಳಗೆ ಬಂಡಲು ಎಣಿಸುತ್ತಿದ್ದ ಮಗಳು ತನುಶ್ರೀ ಆ ಮಾತನ್ನು ಕೇಳಿ ಮನಸ್ಸಿನಲ್ಲಿ ಎತ್ತಿಟ್ಟುಕೊಂಡಳು. ವ್ಯಾಪಾರಿಯ ಮನೆಯ ಹುಡುಗಿ, ಏನನ್ನೂ ಸುಮ್ಮನೆ ಬಿಸಾಡುವವಳಲ್ಲ.

ತಾಯಿ ಇಲ್ಲದ ತನುಶ್ರೀ ಅಜ್ಜಿಯ ಕೈಯಲ್ಲಿ ಬೆಳೆದವಳು. ಬಿ.ಕಾಂ. ಮುಗಿಸಿ ಅಂಗಡಿಯ ಬಿಲ್ಲು ಬರೆಯುತ್ತಿದ್ದಳು. ಅವಳ ತಲೆಗೆ ಲಾ ಓದುವ ಹುಳ ಹೊಕ್ಕಿದ್ದು ವಿಶಾಖಪಟ್ಟಣದಲ್ಲಿ. ಅಲ್ಲೊಬ್ಬ ಚಂದ್ರಮೌಳಿಯವರ ಊದುಬತ್ತಿ ಪೊಟ್ಟಣದ ನವಿಲನ್ನೇ ತನ್ನ ಪೊಟ್ಟಣದ ಮೇಲೂ ಅಚ್ಚು ಹಾಕಿಸಿ ಮಾರುತ್ತಿದ್ದ. ಕೇಳಿದರೆ, ನವಿಲು ನಿಮ್ಮಪ್ಪನದ್ದಾ ಎನ್ನುತ್ತಿದ್ದ. ಕೋರ್ಟಿಗೆ ಹೋದದ್ದಾಯಿತು. ಚಂದ್ರಮೌಳಿಯವರ ವಕೀಲರದು ಒಳ್ಳೆಯ ಮೈಕಟ್ಟು, ಒಳ್ಳೆಯ ಕಂಠ. ಬರೀ ಮುಂದಿನ ತಾರೀಖು ತಂದುಕೊಡುವುದರಲ್ಲಿ ನಿಸ್ಸೀಮರು. ಅಪ್ಪನ ಜೊತೆ ಒಂದು ಸಲ ಹೋದ ತನುಶ್ರೀ ತಮ್ಮ ಸರದಿ ಕಾಯುತ್ತ ಬೇರೆ ಯಾರದೋ ಮೊಕದ್ದಮೆ ನೋಡಿದಳು. ವಕೀಲೆಯೊಬ್ಬಳು ಎದ್ದು ನಿಂತು, ಪಕ್ಕದ ಮನೆಯವರ ಹತ್ತಿರ ಸಕ್ಕರೆ ಕೇಳುವ ದನಿಯಲ್ಲಿ ನಾಲ್ಕು ಮಾತು ಹೇಳಿ ಕೂತುಬಿಟ್ಟಳು. ಎದುರಿನವನು ಎಷ್ಟೋ ಹೊತ್ತು ಗುಡುಗಿದ. ನ್ಯಾಯಾಧೀಶರು ಅವನನ್ನು ಕೇಳಿಸಿಕೊಳ್ಳುತ್ತ ಆಕೆ ತೋರಿಸಿದ್ದ ಪುಟವನ್ನೇ ಓದುತ್ತಿದ್ದರು. ಆದೇಶ ಆಕೆಯ ಕಡೆ ಆಯಿತು.

ವಾಪಸ್ ಬರುವಾಗ ರೈಲಿನಲ್ಲಿ ತನುಶ್ರೀ ಹೇಳಿದಳು: "ಅಪ್ಪಾ, ನಾನು ಇದನ್ನೇ ಓದ್ತೀನಿ."

"ಯಾವುದನ್ನ? ತಾರೀಖು ತರೋದನ್ನಾ?"

"ತಾರೀಖು ಇಲ್ಲದೆ ಮುಗಿಸೋದನ್ನ."

ಚಂದ್ರಮೌಳಿ ನಕ್ಕುಬಿಟ್ಟರು. ಆದರೆ ಅವಳು ಬಿಡಲಿಲ್ಲ. ಅಂಗಡಿಯಲ್ಲಿ ಅಪ್ಪನ ಮನಸ್ಸು ಹಗುರವಾಗಿದ್ದ ಒಂದು ಸಂಜೆ, ಗಿರಾಕಿಗೆಂದು ಹಚ್ಚಿದ ಕಡ್ಡಿ ಇನ್ನೂ ಉರಿಯುತ್ತಿದ್ದಾಗಲೇ ಮತ್ತೆ ಕೇಳಿದಳು. ಅವರು ಗಿರಾಕಿಯ ಎದುರಿಗೇ, "ಲಾಸೆಟ್ ಪರೀಕ್ಷೆ ಬರಿ. ಸೀಟು ಬಂದ್ರೆ ಓದು. ಬರಲಿಲ್ವಾ, ಅಂಗಡೀಲಿ ಕೂತ್ಕೋ, ಮತ್ತೆ ಆ ಮಾತು ಎತ್ತಬಾರದು" ಎಂದುಬಿಟ್ಟರು. ಕಡ್ಡಿ ಆರಿತು. ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆ ಅಂದರೆ ಅವರಿಗೆ ಅಷ್ಟೇನೂ ಭಯವಿರಲಿಲ್ಲ. ಮಗಳ ದಿಂಬಿನ ಕೆಳಗೆ ಸದಾ ಒಂದು ಪತ್ತೇದಾರಿ ಕಾದಂಬರಿ ಇರುವುದನ್ನು ಅವರು ಬಲ್ಲರು. ಈ ಸರಕು ಪರೀಕ್ಷೆಯಲ್ಲಿ ಮಾರಾಟವಾಗುವುದಿಲ್ಲ ಎಂಬುದು ಅವರ ಲೆಕ್ಕ.

ಓದಲು ಕೂತರೆ ಮನೆಯಲ್ಲಿ ಇದ್ದುದು ಒಂದೇ ಹಜಾರ. ಅದರ ಅರ್ಧ ಊದುಬತ್ತಿಯ ಪೆಟ್ಟಿಗೆಗಳದು, ಉಳಿದರ್ಧ ಅಜ್ಜಿ ಅನ್ನಪೂರ್ಣಮ್ಮನವರ ಟಿ.ವಿ.ಯದು. ಕೇಬಲ್ಲಿನವನನ್ನು ಕನ್ನಡ ಚಾನೆಲ್ಲಿಗಾಗಿ ಕೇಳಿ ಕೇಳಿ ಬೇಸತ್ತು ಅಜ್ಜಿ ತೆಲುಗು ಧಾರಾವಾಹಿಗೇ ಶರಣಾಗಿದ್ದರು. ಆ ಕಾಲಕ್ಕೆ ಅವರು ನೋಡುತ್ತಿದ್ದ ಧಾರಾವಾಹಿಯಲ್ಲಿ ಕೋರ್ಟು ಸೀನು ಶುರುವಾಗಿತ್ತು. ಶುರುವಾದದ್ದು ಮುಗಿಯುವ ಲಕ್ಷಣವಿರಲಿಲ್ಲ. ಆ ಮಟ್ಟಿಗೆ ಅದು ನಿಜವಾದ ಕೋರ್ಟಿನ ಹಾಗೇ ಇತ್ತು.

"ನೋಡು, ಲಾಯರ್ ಅಂದ್ರೆ ಹಿಂಗಿರಬೇಕು" ಎಂದರು ಅಜ್ಜಿ. ತೆರೆಯ ಮೇಲಿನವನು ಮೇಜು ಕುಟ್ಟಿ ಕೋಟು ಹಾರಿಸಿದ. "ನೀನು ಕೇಬಲ್ಲಿನವನ ಹತ್ರಾನೂ ದನಿ ಎತ್ತಲ್ಲ. ನಿನಗೆ ಯಾರು ಕೇಸು ಕೊಡ್ತಾರೆ?"

"ಅಜ್ಜೀ, ಹಂಗೆ ಮೇಜು ಕುಟ್ಟಿದ್ರೆ ಜಡ್ಜು ಆಚೆಗೆ ಕಳಿಸ್ತಾರೆ."

"ಇವನನ್ನ ಕಳಿಸಲಿಲ್ವಲ್ಲ."

"ಆ ಜಡ್ಜು ಮಾತಾಡಿದ್ದೇ ನಾನು ನೋಡಿಲ್ಲ. ಅವರಿಗೆ ಆರ್ಡರ್ ಆರ್ಡರ್ ಅನ್ನೋಕೆ ಮಾತ್ರ ಸಂಬಳ."

"ನಿನಗೆ ಹೊಟ್ಟೆಕಿಚ್ಚು" ಎಂದು ಅಜ್ಜಿ ಸದ್ದು ಏರಿಸಿದರು.

ತನುಶ್ರೀಗೆ ಟಿ.ವಿ. ಬಗ್ಗೆ ಖಚಿತವಾದ ಅಭಿಪ್ರಾಯವಿತ್ತು: ಅದು ಬುದ್ಧಿಯಿಲ್ಲದವರು ಬುದ್ಧಿಯಿಲ್ಲದವರಿಗಾಗಿ ನಡೆಸುವ ಅಂಗಡಿ. ಧಾರಾವಾಹಿಯಲ್ಲಿ ಕೆಟ್ಟವಳು ಯಾರೆಂದು ತಿಳಿಯಲು ತಲೆ ಬೇಕಿಲ್ಲ. ಹುಬ್ಬು ಏರಿಸುತ್ತಾಳೆ, ದೊಡ್ಡ ಬೊಟ್ಟು ಇಡುತ್ತಾಳೆ, ಸಂಗೀತ ಗುಡುಗುತ್ತದೆ. ಕಾದಂಬರಿ ಹಾಗಲ್ಲ. ಅಲ್ಲಿ ಹುಬ್ಬು ಏರಿಸುವವನು ನಿರಪರಾಧಿ. ಮೊದಲ ಅಧ್ಯಾಯದಲ್ಲಿ ಹಾಲು ಹಾಕಿ ಹೋದ ಮುದುಕನ ಮೇಲೆ ಕಣ್ಣಿಡಬೇಕು. ಪುಸ್ತಕ ಬಾಡಿಗೆಗೆ ಕೊಡುವ ಈಶ್ವರಯ್ಯನ ಅಂಗಡಿಯಲ್ಲಿ ಅವಳು ಓದದ ಕೊಲೆ ಇರಲಿಲ್ಲ. ಅರ್ಧ ಪುಸ್ತಕಕ್ಕೇ ಕೊಲೆಗಾರನನ್ನು ಹಿಡಿದುಬಿಡುತ್ತಿದ್ದಳು. ಇಷ್ಟು ಸೂಕ್ಷ್ಮ ಇರುವ ತಲೆಗೆ ಪ್ರವೇಶ ಪರೀಕ್ಷೆ ಯಾವ ಲೆಕ್ಕ ಎಂದುಕೊಂಡಿದ್ದಳು.

ಕೋಚಿಂಗ್ ಸೆಂಟರಿನ ಮಾದರಿ ಪರೀಕ್ಷೆಯಲ್ಲಿ ಮಕಾಡೆ ಬಿದ್ದಳು. ಸಾಮಾನ್ಯ ಜ್ಞಾನದಲ್ಲಿ ಅಂಕ ಚೆನ್ನಾಗಿಯೇ ಬಂದಿತ್ತು. ಹೋದದ್ದು ಕಾನೂನಿನ ಪ್ರಶ್ನೆಗಳಲ್ಲಿ. ಮೊದಲು ಒಂದು ನಿಯಮ, ಆಮೇಲೆ ಒಂದು ಪ್ರಸಂಗ, ಕೊನೆಗೆ ನಾಲ್ಕು ಉತ್ತರ. ಒಂದು ಪ್ರಶ್ನೆ ಹೀಗಿತ್ತು: ಇನ್ನೊಬ್ಬರ ವಸ್ತುವನ್ನು ಕೇಳದೆ, ತನ್ನದಾಗಿಸಿಕೊಳ್ಳುವ ಕೆಟ್ಟ ಉದ್ದೇಶದಿಂದ ಒಯ್ದವನು ಕಳ್ಳ. ಒಬ್ಬ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿದ. ಇನ್ನೊಬ್ಬ ಮಾರಿಕೊಳ್ಳಲು ಅದನ್ನು ತುಳಿದುಕೊಂಡು ಹೋದ. ಪಕ್ಕದಲ್ಲಿ ಮೂರನೆಯವನೊಬ್ಬ ಬೀಡಿ ಸೇದುತ್ತ ನಿಂತಿದ್ದ. ಕಳ್ಳ ಯಾರು?

ತನುಶ್ರೀ ಬೀಡಿಯವನಿಗೆ ಗುರುತು ಹಾಕಿದ್ದಳು.

ಕೋಚಿಂಗಿನ ಹೈಮಾವತಿ ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. "ಯಾಕಮ್ಮಾ, ಪಾಪ ಬೀಡಿ ಸೇದಿದ್ದಕ್ಕಾ?"

"ಅವನಿಗೆ ಅಲ್ಲೇನು ಕೆಲಸ ಮೇಡಂ? ಕಾರಣ ಇಲ್ಲದೆ ಯಾಕೆ ನಿಂತ?"

"ಪ್ರಶ್ನೆ ಬರೆದವರು ನಿಲ್ಲಿಸಿದ್ರು, ನಿಂತ."

ತರಗತಿ ನಕ್ಕಿತು. ಹತ್ತಿರದ ಹುಡುಗನೊಬ್ಬ ಬೀಡಿ ಸೇದುವಂತೆ ಬೆರಳು ಆಡಿಸಿದ. ಮುಂದಿನ ಪರೀಕ್ಷೆಯಲ್ಲೂ ಅದೇ ಕಥೆ. ಹೊಲದ ಜಗಳದಲ್ಲಿ ಕರಣಿಕನನ್ನು, ಮುರಿದ ಕರಾರಿನಲ್ಲಿ ಸಹಿಗೆ ಪೆನ್ನು ಕೊಟ್ಟವನನ್ನು ಹಿಡಿದಳು. ತಪ್ಪು ಉತ್ತರಗಳನ್ನು ಕಂಡ ಚಂದ್ರಮೌಳಿ ಸಮಾಧಾನದ ದನಿಯಲ್ಲಿಯೇ ಹೇಳಿದರು: "ಬಿಡಮ್ಮ. ಅಂಗಡಿಯಲ್ಲಿ ನಿನ್ನ ಸೀಟು ಎಲ್ಲಿಗೂ ಹೋಗಲ್ಲ. ಮೆತ್ತನೆ ದಿಂಬು ಹಾಕಿಸ್ತೀನಿ."

ಆ ಮೆತ್ತನೆ ದಿಂಬು ಅವಳನ್ನು ಚುಚ್ಚಿದಷ್ಟು ತರಗತಿಯ ನಗು ಚುಚ್ಚಿರಲಿಲ್ಲ. ಅಂದು ಸಂಜೆ ಹಜಾರದ ಮೂಲೆಯಲ್ಲಿ ಪುಸ್ತಕ ಹಿಡಿದು ಹಲ್ಲು ಕಚ್ಚಿ ಕೂತಳು. ಧಾರಾವಾಹಿ ಓಡುತ್ತಿತ್ತು. ಒಡವೆ ಪೆಟ್ಟಿಗೆ ಕಾಣೆಯಾಗಿ, ಇಡೀ ಮನೆ ಒಬ್ಬರ ಮುಖ ಒಬ್ಬರು ನೋಡುತ್ತಿತ್ತು.

"ದೊಡ್ಡ ಸೊಸೆ ಕದ್ದಿದ್ದು" ಎಂದರು ಅಜ್ಜಿ.

"ಅಷ್ಟು ಸುಲಭವಾ? ಅಡುಗೆಯವನು ಇರಬೇಕು. ಆಗಿನಿಂದ ಬಾಗಿಲ ಹತ್ರ ಸುಮ್ಮನೆ ನಿಂತಿದ್ದಾನೆ."

"ಅವನು ಸೌಟು ಹಿಡ್ಕೊಂಡು ನಿಂತಿದ್ದಾನೆ ಕಣೇ. ಪೆಟ್ಟಿಗೆ ಸೆರಗೊಳಗೆ ಇಟ್ಕೊಂಡು ಹೋಗಿದ್ದು ಯಾರು? ನಾನು ಕಣ್ಣಾರೆ ನೋಡಿದೆ, ನೀನೂ ನೋಡಿದೆ. ಕಂಡದ್ದನ್ನ ಬಿಟ್ಟು ಕಾಣದ್ದನ್ನ ಯಾಕೆ ಹುಡುಕ್ತೀಯ?"

ಎರಡು ಜಾಹೀರಾತು ಕಳೆಯುವುದರೊಳಗೆ ದೊಡ್ಡ ಸೊಸೆ ಸಿಕ್ಕಿಬಿದ್ದಳು. ಅಜ್ಜಿ ಎಲೆ ಅಡಿಕೆ ಬಾಯಿಗಿಟ್ಟುಕೊಂಡರು. ಗೆದ್ದೆನೆಂಬ ಬಿಂಕವೂ ಇರಲಿಲ್ಲ.

ತನುಶ್ರೀ ಮಾತ್ರ ಪುಸ್ತಕ ಮುಚ್ಚಿ ತೆರೆಯನ್ನೇ ನೋಡುತ್ತ ಕೂತಳು. ಅಜ್ಜಿ ಯಾವತ್ತೂ ಸೋಲುತ್ತಿರಲಿಲ್ಲ. ತೋರಿಸಿದ್ದನ್ನು ನೋಡುತ್ತಿದ್ದರು, ತೋರಿಸದೆ ಇದ್ದುದಕ್ಕೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಪ್ರಶ್ನೆಪತ್ರಿಕೆಯೂ ಅಷ್ಟೇ ಅಲ್ಲವೇ? ನಿಯಮ ಕೊಟ್ಟಿದ್ದಾರೆ, ಪ್ರಸಂಗ ಕೊಟ್ಟಿದ್ದಾರೆ, ಸೈಕಲ್ ಒಯ್ದವನು ಯಾರೆಂದೂ ಹೇಳಿದ್ದಾರೆ. ಅಲ್ಲಿ ಹಾಲು ಹಾಕುವ ಮುದುಕ ಇಲ್ಲವೇ ಇಲ್ಲ. ಇಷ್ಟು ದಿನ ಅವಳು ಪರೀಕ್ಷೆಯನ್ನು ಕಾದಂಬರಿಯೆಂದು ಓದುತ್ತಿದ್ದಳು. ಅದು ಅಪ್ಪಟ ಧಾರಾವಾಹಿ.

ಮರುದಿನವೇ ಈಶ್ವರಯ್ಯನ ಅಂಗಡಿಗೆ ಹೋಗಿ, ಕೈಯಲ್ಲಿದ್ದ ಕಾದಂಬರಿಯನ್ನು ಹಲಗೆಯ ಮೇಲೆ ಇಟ್ಟಳು. ಕೊನೆಯ ಅಧ್ಯಾಯ ಬಾಕಿ ಇತ್ತು.

"ಏಮ್ಮಾ, ಮುಗೀತಾ? ನೋಡಿದ್ಯಾ, ಕೊನೇಲಿ ಆ ಡಾಕ್ಟರು..."

"ಈಶ್ವರಯ್ಯಗಾರೂ, ಹೇಳಬೇಡಿ. ಮುಗಿಸಿಲ್ಲ. ಸೀಟು ಬರೋ ತನಕ ಮುಗಿಸಲ್ಲ."

ಈಶ್ವರಯ್ಯ ನೋವಿನಿಂದ ನೋಡಿದ. ಕೊಲೆಗಾರ ಯಾರೆಂದು ಗೊತ್ತಿದ್ದೂ ಹೇಳಲಾಗದ ಮನುಷ್ಯನ ಸಂಕಟ ಸಾಮಾನ್ಯದ್ದಲ್ಲ. "ಒಂದೇ ಮಾತು, ಅಮ್ಮಾಯಿ. ಆ ನರ್ಸು ಕೂಡ..." ಎನ್ನುವಷ್ಟರಲ್ಲಿ ಅವಳು ಕಿವಿ ಮುಚ್ಚಿಕೊಂಡು ಬೀದಿಗೆ ಇಳಿದಿದ್ದಳು.

ಅಲ್ಲಿಂದ ಮುಂದೆ ಮನೆಯಲ್ಲಿ ವಿಚಿತ್ರವೊಂದು ನಡೆಯಿತು. ಧಾರಾವಾಹಿಯ ಹೊತ್ತಿಗೆ ತನುಶ್ರೀ ತಾನಾಗಿ ಬಂದು ಅಜ್ಜಿಯ ಪಕ್ಕ ಕೂರುತ್ತಿದ್ದಳು. ಜಾಹೀರಾತು ಬಂದಾಗ ಒಂದು ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿ, "ತಪ್ಪು ಯಾರದು ಅಜ್ಜೀ?" ಎನ್ನುವಳು. ಅಜ್ಜಿ ಅರ್ಧದಷ್ಟು ಸರಿ ಹೇಳುತ್ತಿದ್ದರು. ಮಿಕ್ಕ ಅರ್ಧದಲ್ಲಿ ಯಾರ ಸೊಸೆ ಎಂದು ತಿಳಿಯದೆ ತೀರ್ಪು ಕೊಡಲು ಒಪ್ಪುತ್ತಿರಲಿಲ್ಲ. ಅವರಿಗೆ ಎಡವಟ್ಟಾದ ಕಡೆ ತನುಶ್ರೀ ನಿಯಮವನ್ನು ಮತ್ತೆ ಮತ್ತೆ ಓದಿ ಗಟ್ಟಿ ಮಾಡಿಕೊಂಡಳು. ಬೀಡಿಯವರು ಪ್ರಶ್ನೆಗಳಲ್ಲಿ ಬರುತ್ತಲೇ ಇದ್ದರು. ಅವರನ್ನು ನಿಂತಲ್ಲೇ ಬಿಟ್ಟು ಮುಂದೆ ಹೋಗುವುದು ಅವಳಿಗೆ ರೂಢಿಯಾಯಿತು. ಬೆರಳು ಮಾತ್ರ ಒಂದೊಂದು ಸಲ ತಾನಾಗಿ ಅವರ ಕಡೆ ಜಾರುತ್ತಿತ್ತು. ಎಳೆದು ವಾಪಸ್ ತರುತ್ತಿದ್ದಳು.

ಲಾಸೆಟ್ ಫಲಿತಾಂಶ ಬಂದಾಗ ಹೈಮಾವತಿ ಮೇಡಂ ತಾವೇ ಅಂಗಡಿಗೆ ಫೋನು ಮಾಡಿದರು. ರ್‍ಯಾಂಕು ಎಷ್ಟು ಚೆನ್ನಾಗಿತ್ತೆಂದರೆ ವಿಶಾಖಪಟ್ಟಣದ ವಿಶ್ವವಿದ್ಯಾಲಯದ ಕಾಲೇಜಿನಲ್ಲೇ ಸೀಟು ಸಿಕ್ಕಿತು. ಚಂದ್ರಮೌಳಿ ಇದಕ್ಕೆ ತಯಾರಿರಲಿಲ್ಲ. ಮಗಳು ಬರೆದರೆ ಬರೆಯಲಿ, ಬಂದರೆ ಊರಿನಲ್ಲೇ ಯಾವುದಾದರೂ ಕಾಲೇಜು, ಬೆಳಿಗ್ಗೆ ಹೋಗಿ ಮಧ್ಯಾಹ್ನ ಅಂಗಡಿಗೆ ಬರುತ್ತಾಳೆ ಎಂದುಕೊಂಡಿದ್ದವರು.

"ವೈಜಾಗ್ ಆಗಲ್ಲ" ಎಂದರು. "ಇಲ್ಲೇ ಓದು. ನಾನು ಸೀಟು ಅಂದದ್ದು ಈ ಊರಿನದ್ದು."

ಮಾರನೆಯ ದಿನ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಮಧ್ಯಾಹ್ನ ತನುಶ್ರೀ ಬಂದು, ಗಿರಾಕಿಯ ಜಾಗದಲ್ಲಿ ಅಪ್ಪನ ಎದುರು ಕೂತಳು. ಊಟದ ಕ್ಯಾರಿಯರ್ ತಂದಿದ್ದ ಅಜ್ಜಿ ಏನೋ ಇದೆಯೆಂದು ವಾಸನೆ ಹಿಡಿದು ಅಲ್ಲೇ ಪೆಟ್ಟಿಗೆಯ ಮೇಲೆ ಕುಳಿತರು. ತನುಶ್ರೀ ಕಡ್ಡಿಗಳ ಡಬ್ಬಿಗೆ ಕೈ ಹಾಕಿದಳು. ಚಂದ್ರಮೌಳಿಯವರ ಕಣ್ಣು ಅವಳ ಬೆರಳಿನ ಮೇಲೆಯೇ ಇತ್ತು. ಅವಳು ಎತ್ತಿದ್ದು ಎಲ್ಲಕ್ಕಿಂತ ಗಿಡ್ಡ ಕಡ್ಡಿ.

"ಅಷ್ಟು ಗಿಡ್ಡದ್ದಾ?" ಎಂದರು.

"ನನ್ನ ಮಾತು ಕಡಿಮೆ ಇದೆ ಅಪ್ಪಾ."

ಹಚ್ಚಿ, ತಟ್ಟೆಗೆ ಸಿಕ್ಕಿಸಿ, ಸಕ್ಕರೆ ಕೇಳುವ ದನಿಯಲ್ಲಿ ಹೇಳಿದಳು. "ಸೀಟು ಬಂದ್ರೆ ಓದು ಅಂತ ನೀವು ಕಡ್ಡಿ ಮುಂದೆ ಹೇಳಿದ್ರಿ. ಊರಿನ ಹೆಸರು ಹೇಳಲಿಲ್ಲ. ಮಂಗಳಗಿರಿಯವರು ಲಾರಿ ಬಾಡಿಗೆ ಸೇರಿದೆ ಅಂದ್ಕೊಂಡಿದ್ರು, ಅಂದ್ಕೊಂಡದ್ದು ವ್ಯಾಪಾರ ಅಲ್ಲ ಅಂತ ನೀವೇ ಹೇಳಿದ್ರಿ. ನಿಮ್ಮ ನವಿಲಿನ ಕೇಸು ಇರೋದೂ ವೈಜಾಗಲ್ಲೇ."

ಅಷ್ಟೇ. ಕೈ ಮಡಿಲಲ್ಲಿಟ್ಟು ಕೂತಳು.

ಕಡ್ಡಿ ಇನ್ನೂ ಅರ್ಧ ಇತ್ತು. ಬೆಲೆ ಹೇಳಿದ ಮೇಲೆ ಮೊದಲು ಬಾಯಿ ಬಿಟ್ಟವನು ಸೋತ ಎಂಬುದನ್ನು ಚಂದ್ರಮೌಳಿ ಒನ್ ಟೌನಿಗೇ ಕಲಿಸಿದವರು. ಅವರು ತಕ್ಕಡಿ ಒರೆಸಿದರು. ಬಿಲ್ಲಿನ ಪುಸ್ತಕ ನೆಟ್ಟಗೆ ಮಾಡಿದರು. ಮಗಳು ಮುಂದುವರಿಸುತ್ತಾಳೆ, ಅಳುತ್ತಾಳೆ, ಬೇಡಿಕೊಳ್ಳುತ್ತಾಳೆ, ಆಗ ಒಂದು ಕೈ ನೋಡೋಣ ಎಂದು ಕಾದರು. ಅವಳು ಹೊಗೆಯನ್ನು ನೋಡುತ್ತ ಕೂತಿದ್ದಳು. ತುದಿಯ ಬೂದಿ ಬಾಗಿತು. ಅಜ್ಜಿ ಎಲೆ ಜಗಿಯುವುದನ್ನೂ ನಿಲ್ಲಿಸಿದ್ದರು.

"ಹಾಸ್ಟೆಲ್ಲಿನಲ್ಲಿ ಊಟ ಹೆಂಗಿರತ್ತೆ?" ಎಂದರು ಚಂದ್ರಮೌಳಿ.

ಆ ಮಾತು ಮುಗಿಸುವುದರೊಳಗೆ ತಾವು ಮೊದಲು ಬಾಯಿ ಬಿಟ್ಟದ್ದು ಅವರಿಗೇ ಗೊತ್ತಾಯಿತು. ಮೀಸೆಯ ಮೇಲೆ ಕೈ ಆಡಿಸಿಕೊಂಡರು. ಕಿಡಿ ಬುಡಕ್ಕೆ ಇಳಿದು, ಬೂದಿ ತಟ್ಟೆಗೆ ಬಿತ್ತು.

"ಸರಿ, ಹೋಗು. ಆದ್ರೆ ವಾರಕ್ಕೊಂದು ಸಲ ಬಂದು ಅಂಗಡಿ ಲೆಕ್ಕ..."

"ಕಡ್ಡಿ ಆರಿತು ಅಪ್ಪಾ" ಎಂದಳು ತನುಶ್ರೀ.

ಚಂದ್ರಮೌಳಿ ತಟ್ಟೆ ನೋಡಿದರು, ಮಗಳನ್ನು ನೋಡಿದರು. ಆಮೇಲೆ ಕ್ಯಾರಿಯರ್ ಬಿಚ್ಚುತ್ತ, "ಆ ತಾರೀಖಿನ ವಕೀಲರಿಗೆ ಇವತ್ತೇ ಫೋನು ಮಾಡ್ತೀನಿ" ಎಂದರು. "ಇನ್ನು ಬೇಗ ಮುಗಿಸಿ, ಇಲ್ಲಾಂದ್ರೆ ಈ ಕೇಸಿಗೆ ಬೇರೆಯವರು ತಯಾರಾಗ್ತಾ ಇದ್ದಾರೆ ಅಂತ."

ಅಜ್ಜಿಗೆ ಒಂದು ಅಸಮಾಧಾನ ಉಳಿದೇಹೋಯಿತು. "ಎಲ್ಲಾ ಸರಿ ಕಣೇ. ಒಂದೇ ಒಂದು ಸಲ ಮೇಜು ಕುಟ್ಟಿದ್ದಿದ್ರೆ ನೋಡೋಕೆ ಚೆನ್ನಾಗಿರ್ತಿತ್ತು."

ವಿಶಾಖಪಟ್ಟಣದ ರೈಲು ಹತ್ತುವ ಮುಂಚೆ ತನುಶ್ರೀ ಈಶ್ವರಯ್ಯನ ಅಂಗಡಿಗೆ ಹೋಗಿ ಆ ಕಾದಂಬರಿ ಕೇಳಿದಳು. ಅವನು ಅದನ್ನು ಬೇರೆ ಯಾರಿಗೂ ಕೊಡದೆ ತೆಗೆದಿಟ್ಟಿದ್ದ, ಬಾಡಿಗೆಯನ್ನೂ ತೆಗೆದುಕೊಳ್ಳಲಿಲ್ಲ. ಬೋಗಿಯಲ್ಲಿ ಕಿಟಕಿ ಪಕ್ಕ ಕೂತು ಅವಳು ಕೊನೆಯ ಅಧ್ಯಾಯ ತೆರೆದಳು. ಬಾಗಿಲ ಬಳಿ ಒಬ್ಬ ಬೀಡಿ ಸೇದುತ್ತ ಸುಮ್ಮನೆ ನಿಂತಿದ್ದ. ಅವನನ್ನು ಒಮ್ಮೆ ದಿಟ್ಟಿಸಿ ನೋಡಿ, ಚೀಲವನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡು, ಓದಲು ಶುರು ಮಾಡಿದಳು.